ಮಾತ್ರೆಯ ಹೊತ್ತು

"ಹತ್ತು ಗಂಟೆಗೆ ಮಾತ್ರೆ ಕೊಡ್ತಾರೆ. ಹನ್ನೊಂದರ ಹೊತ್ತಿಗೆ ಬಂದ್ಬಿಡಿ ಅಣ್ಣ, ಆಗ ಅವರು ಚೆನ್ನಾಗಿರ್ತಾರೆ" ಎಂದು ಸಿಸ್ಟರ್ ಹಿಂದಿನ ರಾತ್ರಿಯೇ ಫೋನಿನಲ್ಲಿ ಹೇಳಿದ್ದರು. ಮಾತ್ರೆ ಎಂದರೆ ಮಾರ್ಫಿನ್, ಅಫೀಮಿನಿಂದ ತಯಾರಾಗುವ ನೋವಿನ ಔಷಧಿ. ನಾಲ್ಕು ಗಂಟೆಗೊಮ್ಮೆ ಕೊಡಬೇಕು; ಕೊಟ್ಟು ಸುಮಾರು ಒಂದು ತಾಸಾದರೆ ನೋವು ಚೆನ್ನಾಗಿ ಹಿಡಿತಕ್ಕೆ ಬರುತ್ತದೆ. ಮದುವೆ ಫೋಟೋಗೆ ಹೊರಟರೆ ಮುಹೂರ್ತ ಯಾವಾಗ ಎಂದು ಕೇಳುತ್ತೇನೆ. ಈ ಕೆಲಸಕ್ಕೆ ಹೊರಟಾಗ ಮಾತ್ರೆ ಯಾವಾಗ ಎಂದು ಕೇಳಿಕೊಳ್ಳುತ್ತೇನೆ.

ಆ ಮಾತ್ರೆ ಹಳ್ಳಿಯ ಮನೆಯವರೆಗೆ ಬರುವುದು ಸಣ್ಣ ಸಂಗತಿಯಲ್ಲ. 1985ರ ಮಾದಕ ವಸ್ತು ಕಾಯ್ದೆ ಬಂದಮೇಲೆ ಲೈಸೆನ್ಸುಗಳ ತೊಡಕಿಗೆ ಹೆದರಿ ಎಷ್ಟೋ ಕಡೆ ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದರು. 2014ರ ತಿದ್ದುಪಡಿ ನಿಯಮ ಸಡಿಲಿಸಿತು. ಆದರೂ ಸಿಗದ ಊರುಗಳು ಇನ್ನೂ ಬೇಕಾದಷ್ಟಿವೆ. ನೋವಿಗೆ ಮುದುಡಿ ಮಲಗಿದವರ ಮುಂದೆ ಕ್ಯಾಮೆರಾ ಹಿಡಿಯುವುದು ನನ್ನಿಂದಾಗದು. ಆ ಮಾತ್ರೆ ಇದೆಯೆಂದೇ ನನ್ನ ಈ ಕೆಲಸವೂ ಇದೆ.

ಕೆಲಸ ಇಷ್ಟೇ: ಗುಣವಾಗದ ಕಾಯಿಲೆಯವರ ಮನೆಗೆ ಹೋಗಿ, ಮನೆಮಂದಿಯ ಜೊತೆ ಅವರ ಫೋಟೋ ತೆಗೆದು ಕೊಡುವುದು. ದುಡ್ಡು ತೆಗೆದುಕೊಳ್ಳುವುದಿಲ್ಲ. ಇಂಥವರ ನೋವು, ಸಂಕಟ ತಗ್ಗಿಸಲು ಮನೆ ಮನೆಗೆ ಹೋಗುವ ಪ್ಯಾಲಿಯೇಟಿವ್ ಕೇರ್ ತಂಡದ ಸಿಸ್ಟರ್ ಕರೆದಲ್ಲಿಗೆ ಹೋಗುತ್ತೇನೆ. ಅಮೆರಿಕದಲ್ಲಿ ಹುಟ್ಟುತ್ತಲೇ ತೀರಿಕೊಳ್ಳುವ ಕೂಸುಗಳ ಫೋಟೋವನ್ನು ಅಪ್ಪ ಅಮ್ಮನಿಗೆ ಉಚಿತವಾಗಿ ತೆಗೆದುಕೊಡುವ ಛಾಯಾಗ್ರಾಹಕರ ಸಂಘಟನೆಯೊಂದು 2005ರಿಂದ ಇದೆ ಎಂದು ಓದಿದ್ದೆ. ಆದರೆ ನನ್ನನ್ನು ಇಲ್ಲಿಗೆ ತಂದದ್ದು ನಮ್ಮ ಸ್ಟುಡಿಯೋದ ಕೆಲಸವೇ. ಸಾವಾದ ಮನೆಯಿಂದ ರಾತ್ರಿ ಹುಡುಗರು ಓಡಿ ಬರುತ್ತಾರೆ, ಕೈಯಲ್ಲಿ ಆಧಾರ್ ಕಾರ್ಡು. "ಇದನ್ನೇ ದೊಡ್ಡದು ಮಾಡಿಕೊಡಿ, ಬೇರೆ ಫೋಟೋ ಇಲ್ಲ." ಸ್ಟಾಂಪಿನಷ್ಟು ಮುಖವನ್ನು ಹಿಗ್ಗಿಸಿ, ಕಣ್ಣು ಮೂಗು ತಿದ್ದಿ, ಹಿಂದೆ ನೀಲಿ ಬಣ್ಣ ತುಂಬಿ ಕೊಡಬೇಕು. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಗಂಡ ಹೆಂಡತಿ ಒಟ್ಟಿಗಿರುವ ಒಂದು ಫೋಟೋ ಇರುವುದಿಲ್ಲ. ಇದ್ದರೂ ಯಾರದೋ ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ.

ಆ ದಿನ ಹೋದದ್ದು ತಿಪಟೂರಿನ ಕಡೆಯ ಒಂದು ಹಳ್ಳಿಗೆ. ಯಜಮಾನರು ಕೆಎಸ್ಸಾರ್ಟಿಸಿಯಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದವರು. ಬಾಯಿಯ ಕ್ಯಾನ್ಸರ್. ರಾತ್ರಿ ಬಸ್ಸಿನಲ್ಲಿ ನಿದ್ದೆ ತಡೆಯಲು ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದರಂತೆ. ಬಲಗಡೆ ದವಡೆಯ ಮೂಳೆ ತೆಗೆದಿದ್ದರು. ಕಾಯಿಲೆ ಮತ್ತೆ ಮರುಕಳಿಸಿ ಅದೇ ಕೆನ್ನೆ ಗಾಯವಾಗಿತ್ತು. ಊಟವೆಲ್ಲ ಮೂಗಿನ ಪೈಪಿನಲ್ಲಿ. ಮಾತು ತೊದಲು, ಹೆಂಡತಿಗೆ ಮಾತ್ರ ಅರ್ಥವಾಗುತ್ತಿತ್ತು.

ಅಟ್ಟದ ತುಂಬ ಕೊಬ್ಬರಿಗೆ ಒಣಗಲು ಬಿಟ್ಟ ಕಾಯಿ, ಅದರ ಕೆಳಗೆ ನಡುಮನೆ ಕತ್ತಲೆ. ಜಗಲಿಯ ನೆರಳೇ ಸರಿ ಎನ್ನಿಸಿತು. ನೇರ ಬಿಸಿಲಲ್ಲಿ ಕೂರಿಸಿದರೆ ಕೆನ್ನೆಯ ಬಿಳಿ ಬಟ್ಟೆಯೇ ಹೊಳೆದು, ಮುಖ ಹಿಂದೆ ಸರಿದುಬಿಡುತ್ತದೆ.

ಅವರ ಅಕ್ಕ, ಎಪ್ಪತ್ತು ದಾಟಿದ ಹೆಂಗಸು, ಬಾಗಿಲಲ್ಲೇ ತಡೆದರು. "ಈಗ್ಯಾಕಪ್ಪ ಫೋಟೋ? ಹುಷಾರಾದ್ಮೇಲೆ ತೆಗೆಸಿದ್ರಾಯ್ತು." ಈ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ಫೋಟೋದವನನ್ನು ಕರೆಸಿದರೆ ಸಾವನ್ನೇ ಕರೆಸಿದಂತೆ ಎಂಬ ಭಯ ಅದರೊಳಗಿರುತ್ತದೆ. ನಾನು ಎದುರಾಡುವುದಿಲ್ಲ. ಒಳಗಿಂದ ಯಜಮಾನರು ಏನೋ ಅಂದರು. ಹೆಂಡತಿ ಹೊರಗೆ ಬಂದು, "ನಾನೇ ಕರೆಸಿರೋದು, ಸುಮ್ನಿರಕ್ಕ ಅಂತಾವ್ರೆ" ಎಂದರು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ದಾರಿ ಬಿಟ್ಟರು.

ಸಿಸ್ಟರ್ ಆಗಲೇ ಬಂದು ಗಾಯ ತೊಳೆದು, ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಉದುರಿಸಿ ಹೊಸ ಬಟ್ಟೆ ಕಟ್ಟಿದ್ದರು. ಇಂಥ ಗಾಯದ ವಾಸನೆಯನ್ನು ಆ ಪುಡಿ ತಗ್ಗಿಸುತ್ತದೆ. ಒಂದು ವಾರದಿಂದ ದಿನಾ ಹಾಕುತ್ತಿದ್ದರಂತೆ, ಮೊಮ್ಮಗಳು ತಾತನ ಹತ್ತಿರ ಬರುವಂತಾಗಲಿ ಎಂದು. ನನ್ನ ಹತ್ತಿರ ಎಂಥ ಲೆನ್ಸ್ ಇದ್ದರೇನು, ಆ ದಿನದ ಫೋಟೋ ಸಾಧ್ಯವಾದದ್ದು ಅವರ ಕೈಯಿಂದ.

ಯಜಮಾನರು ಖಾಕಿ ಅಂಗಿ ಕೇಳಿದರು. ಹಾಕಿದರೆ ಮೈಮೇಲೆ ಜೋತುಬಿತ್ತು. ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಬಿಗಿ ಮಾಡಿದೆವು. ಮಗ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಸಾರ್, ಎಡಗಡೆಯಿಂದ ತೆಗೀರಿ, ಬಲಗೆನ್ನೆ ಕಾಣೋದು ಬೇಡ" ಅಂದ. ನಾನೂ ಅದಕ್ಕೇ ಅಣಿಯಾಗಿದ್ದೆ. ಅಷ್ಟರಲ್ಲಿ ಅಮ್ಮ ತಮ್ಮ ಸ್ಟೂಲನ್ನು ಎತ್ತಿ ಗಂಡನ ಬಲಕ್ಕೇ ಇಟ್ಟು ಕೂತರು. "ನಾನು ದಿನಾ ಕೂರೋದು ಈ ಕಡೆನೇ ಅಲ್ವಾ. ಗಂಜಿ ಬಿಡೋದೂ ಇಲ್ಲೇ, ಒರೆಸೋದೂ ಇಲ್ಲೇ. ಇವತ್ತೊಂದಿನ ಆ ಕಡೆ ಯಾಕೋಗ್ಲಿ?" ಮಗ ತಲೆ ತಗ್ಗಿಸಿದ. ನಾನು ಬಲಕ್ಕೆ ಬಂದು ನಿಂತೆ. ಪೈಪು ಹಾಗೇ ಇರಲಿ, ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುವುದೂ ಬೇಡ ಎಂದು ಯಜಮಾನರು ಕೈಸನ್ನೆಯಲ್ಲೇ ಹೇಳಿದರು.

ಇಂಥ ಮನೆಗಳಲ್ಲಿ "ನಗಿ" ಎಂದು ನಾನು ಹೇಳುವುದಿಲ್ಲ. ಏನಾದರೂ ಕೇಳುತ್ತೇನೆ. "ಯಜಮಾನ್ರೇ, ನಿಮ್ಮ ಮೊದಲನೇ ರೂಟ್ ಯಾವುದು?" ಅಂದೆ. ಮಗ "ಧರ್ಮಸ್ಥಳ" ಅಂದ, ಅಕ್ಕ "ಅಲ್ಲ, ಬೆಂಗಳೂರು" ಅಂದರು, ಸೊಸೆ ಮತ್ತೊಂದು ಊರು ಹೇಳಿದಳು. ಯಜಮಾನರು ತಡೆಯಲಾರದೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ ಏನೋ ಹೇಳಿದರು. ಅಮ್ಮ ಗಟ್ಟಿಯಾಗಿ ನಕ್ಕರು, ಗಂಡನ ಬಲಗೆನ್ನೆಯ ಬಟ್ಟೆಯ ಪಕ್ಕ ತಮ್ಮ ಹಸ್ತವಿಟ್ಟರು. ಆತನ ಬಾಯಿ ನಗಲಾರದು, ಕಣ್ಣು ಪೂರ್ತಿ ನಕ್ಕಿತು. ಮೊಮ್ಮಗಳು ಎಲ್ಲಿಂದಲೋ ಬಂದು ಮೊಣಕಾಲಿಗೆ ಒರಗಿ ಅಂಗಿಯ ಗುಂಡಿ ಹಿಡಿದಳು. ಅವರೇನು ಹೇಳಿದರೆಂದು ನಾನು ಕೇಳಲಿಲ್ಲ, ಕೈ ಶಟರ್ ಮೇಲಿತ್ತು.

ಹನ್ನೆರಡರ ಹೊತ್ತಿಗೆ ಸುಸ್ತಾದರು. ಚಿಕ್ಕ ಪ್ರಿಂಟರ್ ಯಾವಾಗಲೂ ಜೊತೆಗಿರುತ್ತದೆ; ಆಲ್ಬಂ ಆಮೇಲೆ, ಒಂದು ಪ್ರಿಂಟಾದರೂ ಅಂದೇ ಅವರ ಕೈಗೆ ಸೇರಬೇಕು. ಮಲಗಿಕೊಂಡೇ ಬಹಳ ಹೊತ್ತು ನೋಡಿದರು. ಇನ್ನೊಂದು ಬೇಕು ಎಂದು ಬೆರಳೆತ್ತಿದರು, ಅಕ್ಕನಿಗೆ.

ಈ ಫೋಟೋಗಳನ್ನು ನಾನು ಎಲ್ಲೂ ಹಾಕುವುದಿಲ್ಲ. ಎರಡು ಕಡೆ ಜೋಪಾನವಾಗಿ ಇಟ್ಟಿರುತ್ತೇನೆ, ಎಷ್ಟೋ ದಿನಗಳ ಮೇಲೆ ಫೋನು ಹಾಳಾಯಿತೆಂದು ಕೇಳಿಕೊಂಡು ಬರುವವರಿದ್ದಾರೆ.

ಯಜಮಾನರು ತೀರಿಹೋದಮೇಲೆ ಮಗ ಫೋನು ಮಾಡಿದ. ತಿಥಿಗೆ ಹಾರ ಹಾಕಲು ಅಪ್ಪನೊಬ್ಬರದೇ ಬೇಕು, ಗುಂಪಿನಿಂದ ಕತ್ತರಿಸಿ ಕೊಡಿ ಎಂದು ನೆಂಟರು ಹೇಳುತ್ತಿದ್ದಾರೆ ಅಂದ. ಖಾಕಿ ಅಂಗಿಯಲ್ಲಿ ಒಬ್ಬರದೇ ತೆಗೆದದ್ದೂ ಇತ್ತು, ಅದನ್ನೇ ಕಳಿಸಿದೆ. ಹಿಂದಿನಿಂದ ಅಮ್ಮನ ದನಿ ಕೇಳಿತು, ಮಗ ಫೋನು ಅವರಿಗೇ ಕೊಟ್ಟ. "ಅದು ತಿಥಿಗೆ ಆಯ್ತು ಕಣಪ್ಪ. ನಡುಮನೆಗೆ ಎಲ್ಲಾರೂ ಇರೋದು ಬೇಕು, ನನ್ನ ಕೈ ಇದೆಯಲ್ಲ, ಅದು. ಯಾರ್ನೂ ಕತ್ತರಿಸಬೇಡ. ದೊಡ್ಡದಾಗಿ ತೆಗೆದು ಕಳ್ಸು, ಕಟ್ಟು ತಿಪಟೂರಲ್ಲೇ ಹಾಕಿಸ್ಕೋತೀವಿ."