ಸೇಂಟ್ ಆಂಡ್ರೂಸ್‌ಗೆ ಓಪನ್ ನೋಡೋಕೆ ಹೋಗ್ತೀರಾ? ಮಂಗಳವಾರದ ಟಿಕೆಟ್ ತಗೊಳ್ಳಿ

2027ರ ಜುಲೈನಲ್ಲಿ ದಿ ಓಪನ್ ಗಾಲ್ಫ್ ಟೂರ್ನಿ ಮತ್ತೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಬರುತ್ತಿದೆ. ಹೋಗಬೇಕು ಅಂದುಕೊಂಡಿರುವ ಗೆಳೆಯರೊಬ್ಬರು ಮೊನ್ನೆ ಕೇಳಿದರು, ಒಂದೇ ದಿನದ ಟಿಕೆಟ್ ಸಿಗೋದಾದರೆ ಯಾವ ದಿನದ್ದು ತಗೊಳ್ಳಲಿ ಅಂತ. ಮಂಗಳವಾರದ್ದು ಅಂದೆ. ಅವರಿಗೆ ಸ್ವಲ್ಪ ಸಿಟ್ಟೇ ಬಂತು. ಪಂದ್ಯ ಶುರುವಾಗೋದೇ ಗುರುವಾರ, ಅಲ್ವಾ?

ನಿಜ. ಆದರೆ 2022ರಲ್ಲಿ ಇದೇ ಊರಿನಲ್ಲಿ ನಡೆದ 150ನೇ ಓಪನ್‌ಗೆ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಕೈಯಲ್ಲಿ ಎರಡು ದಿನದ ಟಿಕೆಟ್ ಇತ್ತು. ಒಂದು ಮಂಗಳವಾರದ ಅಭ್ಯಾಸದ ದಿನದ್ದು, ಇನ್ನೊಂದು ಶುಕ್ರವಾರದ ಎರಡನೇ ಸುತ್ತಿನದು. ಈಗ ಆ ಪ್ರವಾಸ ಅಂದರೆ ಕಣ್ಣಿಗೆ ಬರುವುದು ಮಂಗಳವಾರವೇ. ಶುಕ್ರವಾರ ನಾನು ನೋಡಿದ್ದು ಹೆಚ್ಚಾಗಿ ಮುಂದೆ ನಿಂತವರ ಟೋಪಿಗಳನ್ನು.

ಮೊದಲು ಟಿಕೆಟ್ ವಿಷಯ ಮುಗಿಸಿಬಿಡೋಣ. 2022ಕ್ಕೆ ಲಾಟರಿ ಮಾಡಿದ್ದರು. 13 ಲಕ್ಷಕ್ಕೂ ಹೆಚ್ಚು ಟಿಕೆಟ್‌ಗಳಿಗೆ ಬೇಡಿಕೆ ಬಂದಿತ್ತು, ಆ ವಾರ ಒಳಗೆ ಬಂದವರು 2.9 ಲಕ್ಷ. ಹಾಗಾಗಿ ಟೂರ್ನಿಯ ಅಧಿಕೃತ ಜಾಲತಾಣದಲ್ಲಿ ಈಗಲೇ ಹೆಸರು ನೋಂದಾಯಿಸಿ ಇಟ್ಟುಕೊಳ್ಳಿ. ಲಾಟರಿಯಲ್ಲಿ ಸಿಗದಿದ್ದರೆ ಆಮೇಲೆ ಜನ ವಾಪಸ್ ಬಿಡುವ ಟಿಕೆಟ್‌ಗಳು ಅದೇ ತಾಣದಲ್ಲಿ ಸಿಗುತ್ತವೆ. ಬೇರೆ ಯಾರೋ ಮಾರುವುದನ್ನು ದುಡ್ಡು ಕೊಟ್ಟು ತಗೊಂಡು ಗೇಟಿನಲ್ಲಿ ಪೆಚ್ಚಾಗಬೇಡಿ. ಅಭ್ಯಾಸದ ದಿನದ ಟಿಕೆಟ್ ಅಗ್ಗ, ಸಿಗುವುದೂ ಸುಲಭ. ವೀಸಾ ಬೇಕಾದವರು ಟಿಕೆಟ್ ಸಿಕ್ಕ ಕೂಡಲೇ ಆ ಕೆಲಸಕ್ಕೆ ಕೈ ಹಾಕಿ.

ಸೇಂಟ್ ಆಂಡ್ರೂಸ್ ಪುಟ್ಟ ಊರು. ಓಪನ್ ವಾರದಲ್ಲಿ ಅಲ್ಲಿ ಕೋಣೆ ಹುಡುಕುವುದು ಸುಮ್ನೆ ತಲೆನೋವು. ಸಿಕ್ಕರೂ ಬಾಡಿಗೆ ಕೇಳಿ ಎದೆ ಝಲ್ಲೆನ್ನುತ್ತದೆ. ನಾವು ಟೇ ನದಿಯ ಆಚೆ ದಡದ ಡಂಡೀಯಲ್ಲಿ ಉಳಿದೆವು. ಈ ಆಯ್ಕೆಯ ಬಗ್ಗೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಗಾಲ್ಫ್‌ನ ತವರು ಅನ್ನಿಸಿಕೊಂಡ ಈ ಊರಿಗೆ ರೈಲು ನಿಲ್ದಾಣವೇ ಇಲ್ಲ. ಹತ್ತಿರದ್ದು ಲೂಕರ್ಸ್. ಡಂಡೀಯಿಂದ ಅಲ್ಲಿಗೆ ಕಾಲು ಗಂಟೆ, ಎಡಿನ್‌ಬರೊದಿಂದ ಸುಮಾರು ಒಂದು ಗಂಟೆ. ಅಲ್ಲಿಂದ ಬಸ್. ಬೆಳಿಗ್ಗೆ ಹೋಗುವಾಗ ಎಲ್ಲ ಸಲೀಸು. ಸಂಜೆ ಮಾತ್ರ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಸಾಲು ಕರಗುವುದೇ ಇಲ್ಲ. ನಿಮ್ಮ ಕೊನೆಯ ರೈಲು ಎಷ್ಟು ಹೊತ್ತಿಗೆ ಅಂತ ಹಿಂದಿನ ರಾತ್ರಿಯೇ ನೋಡಿಡಿ. ಜುಲೈನಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಇನ್ನೂ ಸಂಜೆ ಅಂದುಕೊಂಡು ನಾವು ಒಂದು ರೈಲು ತಪ್ಪಿಸಿಕೊಂಡೆವು.

ಇನ್ನು ಮಂಗಳವಾರ. ಗೇಟಿನೊಳಗೆ ಬಂದವರೆಲ್ಲ ನೇರ ಮೈದಾನದ ಕಡೆ ಓಡುತ್ತಾರೆ. ನೀವು ಪ್ರಾಕ್ಟೀಸ್ ರೇಂಜಿಗೆ ಹೋಗಿ. ಕೂರಲು ಜಾಗ ಮಾಡಿರುತ್ತಾರೆ. ಎದುರಿಗೆ ಆಟಗಾರರು ಸಾಲಾಗಿ ನಿಂತು ಚೆಂಡು ಹೊಡೆಯುತ್ತಿರುತ್ತಾರೆ. ಟಿವಿಯಲ್ಲಿ ನೋಡಿದ ಮುಖಗಳು ಕೆಲವೇ ಮಾರು ದೂರದಲ್ಲಿ. ಬ್ಯಾಗಿನ ಮೇಲೆ ಆಟಗಾರರ ಹೆಸರು ದೊಡ್ಡದಾಗಿ ಇರುತ್ತದೆ, ಯಾರು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಒಬ್ಬರನ್ನು ಹಿಡಿದು ಮೊದಲಿಂದ ಕೊನೆವರೆಗೆ ನೋಡಿ. ಚೆಂಡು ಹೊಡೆಯುವ ಕೋಲಿಗೆ ಕ್ಲಬ್ ಅನ್ನುತ್ತಾರೆ. ಬಹುತೇಕ ಎಲ್ಲರೂ ಹತ್ತಿರಕ್ಕೆ ಎತ್ತಿ ಹೊಡೆಯುವ ವೆಜ್‌ನಿಂದ ಶುರು ಮಾಡಿ ಅತಿ ದೂರ ಹೊಡೆಯುವ ಡ್ರೈವರ್‌ನಲ್ಲಿ ಮುಗಿಸುತ್ತಾರೆ. ಅರ್ಧ ಗಂಟೆಯಲ್ಲಿ ಇಡೀ ಬ್ಯಾಗ್ ನಿಮ್ಮ ಮುಂದೆ ಬಿಚ್ಚಿಕೊಂಡ ಹಾಗೆ. ಲಾಫ್ಟ್ ಅಂದರೆ ಕ್ಲಬ್ಬಿನ ಮುಖ ಎಷ್ಟು ಹಿಂದಕ್ಕೆ ಮಲಗಿದೆ ಅನ್ನುವ ಕೋನ. ಲಾಬ್ ವೆಜ್‌ನಲ್ಲಿ ಅದು 60 ಡಿಗ್ರಿ ಹತ್ತಿರ, ಡ್ರೈವರ್‌ನಲ್ಲಿ ಒಂಬತ್ತೋ ಹತ್ತೋ. ಪುಸ್ತಕದಲ್ಲಿ ಓದಿದರೆ ಬರೀ ಅಂಕಿ. ಇಲ್ಲಿ ಒಂದು ಚೆಂಡು ಮುಗಿಲಿಗೆ ಏರಿ ಹತ್ತಿರದಲ್ಲೇ ಬಿದ್ದರೆ, ಇನ್ನೊಂದು ಕಣ್ಣಿಗೇ ಸಿಗದೆ ಹೋಗಿಬಿಡುತ್ತದೆ. ಡ್ರೈವರ್ ಸದ್ದಂತೂ ಟಿವಿಯಲ್ಲಿ ಕೇಳುವುದಕ್ಕಿಂತ ಬೇರೆಯೇ. ಒಣ ಸೌದೆ ಸೀಳಿದ ಹಾಗೆ.

ನನ್ನ ಹೆಂಡತಿಗೆ ಗಾಲ್ಫ್ ಗೊತ್ತಿರಲಿಲ್ಲ. ಅದಕ್ಕೇ ಅವಳ ಕಣ್ಣಿಗೆ ನನಗಿಂತ ಜಾಸ್ತಿ ಬಿತ್ತು ಅಂತ ಕಾಣುತ್ತದೆ. ‘ರೀ, ಅದೇನು ಕೋಲಿನ ತಲೆಗೆ ಟೇಪ್ ಅಂಟಿಸ್ತಿದ್ದಾರೆ?’ ಅಂದಳು. ಸೀಸದ ಟೇಪ್. ಒಂದೆರಡು ಗ್ರಾಂ ತೂಕ ಸೇರಿಸಿ ಬೀಸುವಾಗ ಕ್ಲಬ್ ಕೈಗೆ ಹೇಗೆ ಅನ್ನಿಸುತ್ತದೆ ಅಂತ ನೋಡುವುದು. ಚೆಂಡಿನ ಹತ್ತಿರ ನೆಲದ ಮೇಲಿದ್ದ ಕಿತ್ತಳೆ ಬಣ್ಣದ ಪೆಟ್ಟಿಗೆ ಏನು ಅಂದಳು. ಅದು ರಡಾರ್. ಚೆಂಡಿನ ವೇಗ, ಏರಿದ ಕೋನ, ತಿರುಗುವಿಕೆ, ಗಾಳಿಯಲ್ಲೇ ಎಷ್ಟು ದೂರ ಹೋಯಿತು, ಎಲ್ಲ ಅಳೆಯುತ್ತದೆ. ಅಲ್ಲಿ ಇನ್ನೊಬ್ಬರ ಬ್ಯಾಗಿನಲ್ಲಿ ಮಾತ್ರ ಕೋಲುಗಳೆಲ್ಲ ಒಂದೇ ಎತ್ತರ ಯಾಕೆ ಅಂದಳು. ನೋಡಿದರೆ ಅಮೆರಿಕದ ಆಟಗಾರ ಬ್ರೈಸನ್ ಡಿಶಾಂಬೊ! ಉಳಿದವರ ಐರನ್‌ಗಳು (ಲೋಹದ ಚಪ್ಪಟೆ ತಲೆಯ ಕ್ಲಬ್‌ಗಳು) ಮೆಟ್ಟಿಲಿನ ಹಾಗೆ ಉದ್ದದಿಂದ ಗಿಡ್ಡಕ್ಕೆ ಇಳಿಯುತ್ತವೆ. ಅವರು ಎಲ್ಲವನ್ನೂ ಒಂದೇ ಉದ್ದಕ್ಕೆ ಮಾಡಿಸಿಕೊಂಡಿದ್ದರು. ಯಾವ ಐರನ್ ಹಿಡಿದರೂ ನಿಲ್ಲುವ ರೀತಿ, ಬೀಸುವ ರೀತಿ ಒಂದೇ ಇರಲಿ ಅಂತ. ನನಗೆ ಇದು ಓದಿ ಗೊತ್ತಿತ್ತು. ಕಣ್ಣಿಗೆ ಬಿದ್ದದ್ದು ಅವಳಿಗೆ.

ಬ್ಯಾಗಿನಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರುವಂತಿಲ್ಲ. ಅಭ್ಯಾಸದ ದಿನ ಈ ಲೆಕ್ಕ ಯಾರೂ ಇಡುವುದಿಲ್ಲ. ಎರಡು ಡ್ರೈವರ್, ನಾಲ್ಕೈದು ವೆಜ್, ಚೆಂಡನ್ನು ನೆಲದಲ್ಲಿ ಉರುಳಿಸುವ ಎರಡು ಮೂರು ಪಟರ್ ಇರುತ್ತವೆ. ಯಾವುದು ಉಳಿಯಬೇಕು ಅನ್ನುವ ಜಗ್ಗಾಟ ನಡೆಯುವುದೇ ಈ ದಿನಗಳಲ್ಲಿ. ಆ ಜಗ್ಗಾಟ ಮರೆತರೆ ಏನಾಗುತ್ತದೆ ಅನ್ನುವುದಕ್ಕೆ 2001ರ ಓಪನ್ ಇದೆ. ಕೊನೆಯ ದಿನ ವೇಲ್ಸ್‌ನ ಆಟಗಾರ ಇಯಾನ್ ವೂಸ್ನಮ್ ಮೊದಲ ಹೋಲ್‌ನಲ್ಲೇ ಬರ್ಡಿ (ಪಾರ್ ಅನ್ನುವ ನಿಗದಿತ ಹೊಡೆತಗಳಿಗಿಂತ ಒಂದು ಕಡಿಮೆ) ಹೊಡೆದು ಮುಂಚೂಣಿಗೆ ಬಂದಿದ್ದರು. ಎರಡನೇ ಟೀಯಲ್ಲಿ, ಅಂದರೆ ಎರಡನೇ ಹೋಲ್ ಶುರುವಾಗುವ ಜಾಗದಲ್ಲಿ, ಬ್ಯಾಗ್ ಹೊರುವ ಕ್ಯಾಡಿ ಎಣಿಸಿದರೆ 15 ಕ್ಲಬ್! ಪರೀಕ್ಷಿಸಲು ತಂದಿದ್ದ ಎರಡನೇ ಡ್ರೈವರ್ ಬ್ಯಾಗಿನಲ್ಲೇ ಉಳಿದಿತ್ತು. ಎರಡು ಹೊಡೆತದ ದಂಡ ಬಿತ್ತು.

ಇಲ್ಲಿಯ ನೆಲ ಮತ್ತು ಗಾಳಿ ಬ್ಯಾಗನ್ನು ಹೇಗೆ ಬದಲಿಸುತ್ತವೆ ಅನ್ನುವುದೇ ನೋಡಬೇಕಾದ ಸಂಗತಿ. ಇದು ಕಡಲ ಪಕ್ಕದ ಮರಳು ನೆಲ. ಇಂಥದ್ದಕ್ಕೆ ಲಿಂಕ್ಸ್ ಅನ್ನುತ್ತಾರೆ. 2022ರಲ್ಲಿ ಮಳೆ ಕಡಿಮೆಯಾಗಿ ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿ) ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಚೆಂಡು ಬಿದ್ದ ಮೇಲೂ ಓಡುತ್ತಲೇ ಇತ್ತು. ಫೇರ್‌ವೇಗಳು ಗ್ರೀನ್‌ಗಳಿಗಿಂತ (ಗುಳಿ ಮತ್ತು ಬಾವುಟ ಇರುವ ನುಣುಪು ಹುಲ್ಲಿನ ಜಾಗ) ವೇಗವಾಗಿವೆ ಅಂತ ಆಟಗಾರರೇ ಹೇಳುತ್ತಿದ್ದರು. ಗಾಳಿಯಲ್ಲಿ ಎತ್ತರಕ್ಕೆ ಏರುವ ಚೆಂಡಿನ ಪಾಡು ಹೇಳುವುದೇ ಬೇಡ. ಅದಕ್ಕೇ ಇಲ್ಲಿ ಎಷ್ಟೋ ಜನ ಎತ್ತರ ಹೊಡೆಯುವ ಹೈಬ್ರಿಡ್‌ನ್ನೋ 5ನೇ ವುಡ್ಡನ್ನೋ ತೆಗೆದಿಟ್ಟು 2ನೇ ಐರನ್ ಹಾಕಿಕೊಳ್ಳುತ್ತಾರೆ. ನೆಲಕ್ಕೆ ಹತ್ತಿರ ಹೋಗಿ, ಬಿದ್ದು, ಉರುಳುವ ಹೊಡೆತ ಅದರದ್ದು.

ವೆಜ್‌ನಲ್ಲೂ ಇದೇ ಕಥೆ. ಅದರ ಅಡಿಭಾಗದ ಉಬ್ಬಿಗೆ ಬೌನ್ಸ್ ಅನ್ನುತ್ತಾರೆ. ಮೆತ್ತನೆ ನೆಲದಲ್ಲಿ ಉಬ್ಬು ಜಾಸ್ತಿ ಇದ್ದರೆ ಕ್ಲಬ್ ಹೂತುಹೋಗದೆ ಜಾರುತ್ತದೆ. ಗಟ್ಟಿ ನೆಲದಲ್ಲಿ ಅದೇ ಉಬ್ಬು ನೆಲಕ್ಕೆ ತಾಗಿ ಪುಟಿಯುತ್ತದೆ, ಚೆಂಡಿನ ನಡುಮಧ್ಯಕ್ಕೆ ಪೆಟ್ಟು ಬೀಳುತ್ತದೆ. ಹಾಗಾಗಿ ಇಲ್ಲಿ ಕಡಿಮೆ ಬೌನ್ಸ್‌ನವು. ಕಂಪನಿಗಳ ದೊಡ್ಡ ಲಾರಿಗಳು ಇದಕ್ಕೇ ಬಂದಿರುತ್ತವೆ. ಒಳಗೆ ಪೂರ್ತಿ ವರ್ಕ್‌ಶಾಪ್. ಗ್ರಿಪ್ ಬದಲಿಸುವುದು, ಲಾಫ್ಟ್ ಒಂದು ಡಿಗ್ರಿ ಬಗ್ಗಿಸುವುದು, ವೆಜ್‌ನ ಅಡಿ ಉಜ್ಜುವುದು. ನಮ್ಮನ್ನು ಒಳಗೆ ಬಿಡುವುದಿಲ್ಲ. ಪಂದ್ಯ ಶುರುವಾಗುವ ಹೊತ್ತಿಗೆ ಸಾಮಾನ್ಯವಾಗಿ ಆ ಲಾರಿಗಳು ಹೊರಟುಬಿಡುತ್ತವೆ. ಭಾನುವಾರ ಬಂದವರಿಗೆ ಇದ್ಯಾವುದೂ ಕಾಣುವುದಿಲ್ಲ.

ದೂರ ಅಳೆಯುವ ದುರ್ಬೀನೂ ಅಷ್ಟೇ. ಮಂಗಳವಾರ ಕ್ಯಾಡಿಗಳ ಕೈಯಲ್ಲಿ ಕಂಡಿತು. ಪಂದ್ಯದ ದಿನ ಅದಕ್ಕೆ ಅವಕಾಶವಿರಲಿಲ್ಲ, ಶುಕ್ರವಾರ ಎಲ್ಲರೂ ಕೈಪುಸ್ತಕ ನೋಡಿ ಹೆಜ್ಜೆ ಎಣಿಸುತ್ತಿದ್ದರು.

ಮಧ್ಯಾಹ್ನ ಪಂದ್ಯ ನಡೆಯುವ ಮೈದಾನ, ಓಲ್ಡ್ ಕೋರ್ಸ್ ಸುತ್ತಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಪ್ರೇಕ್ಷಕರಿಗೆ ಇದು ಒಳ್ಳೆಯ ಕೋರ್ಸ್ ಅಲ್ಲ. ಹೋಲ್‌ಗಳು ಒಂದಕ್ಕೊಂದು ಅಂಟಿಕೊಂಡು ಹೋಗಿ, ಹಾಗೇ ತಿರುಗಿ ಬರುತ್ತವೆ. ನಾವು ಹಗ್ಗದ ಹೊರಗೆ, ಒಂದು ಅಂಚಿನಲ್ಲಿ. ಆಚೆ ಬದಿಯ ಆಟ ಇರುವೆ ಸಾಲಿನ ಹಾಗೆ ಕಾಣುತ್ತದೆ. ಏಳು ಗ್ರೀನ್‌ಗಳು ಜೋಡಿ, ಒಂದೇ ಗ್ರೀನ್‌ನಲ್ಲಿ ಎರಡು ಬಾವುಟ. ಜೋಡಿಯಾದ ಹೋಲ್‌ಗಳ ಸಂಖ್ಯೆ ಕೂಡಿಸಿದರೆ ಯಾವಾಗಲೂ 18. ಎರಡನೆಯದಕ್ಕೆ ಹದಿನಾರನೆಯದು, ಮೂರನೆಯದಕ್ಕೆ ಹದಿನೈದನೆಯದು. ಈ ಲೆಕ್ಕ ತಲೆಯಲ್ಲಿದ್ದರೆ ನಕ್ಷೆ ಇಲ್ಲದೆಯೂ ದಾರಿ ತಪ್ಪುವುದಿಲ್ಲ.

ನಾವು ಹೆಚ್ಚು ಹೊತ್ತು ನಿಂತದ್ದು 17ನೇ ಹೋಲ್, ಅಂದರೆ ರೋಡ್ ಹೋಲ್ ಹತ್ತಿರ. 495 ಗಜ. ಟೀಯಿಂದ ಹೊಡೆಯುವಾಗ ಹೋಟೆಲಿನ ಅಂಚಿನ ಮೇಲಿಂದ ಚೆಂಡು ಹಾರಿಸಬೇಕು. ಗ್ರೀನ್ ಮುಂದೆ ಬಾವಿಯಂಥ ಮರಳುಗುಂಡಿ, ಅಂದರೆ ಬಂಕರ್, ಹಿಂದೆ ರಸ್ತೆ, ಅದರಾಚೆ ಕಲ್ಲುಗೋಡೆ. ಅಭ್ಯಾಸಕ್ಕೆ ಬಂದ ಆಟಗಾರರು ಗ್ರೀನ್ ಮುಂದಿನ ಇಳಿಜಾರಿನಲ್ಲಿ ಮೂರು ನಾಲ್ಕು ಚೆಂಡು ಹಾಕಿಕೊಂಡರು. ಗ್ರೀನ್ ಇನ್ನೂ ದೂರವಿತ್ತು. ಆದರೂ ವೆಜ್ ಬಿಟ್ಟು ಪಟರ್ ತೆಗೆದುಕೊಂಡರು. ಬಂಕರ್‌ನ್ನು ಬಳಸಿ ಹೋಗುವ ಹಾಗೆ ಏರಿಗೆ ಉರುಳಿಸಿದರು. ಕೆಲವು ಸಾಲದೆ ವಾಪಸ್ ಉರುಳಿ ಬಂದವು. ‘ಗಾಳಿಯಲ್ಲಿ ಹೋದರೆ ತಾನೇ ಕಷ್ಟ, ನೆಲದಲ್ಲೇ ಹೋದರಾಯ್ತು’ ಅಂದಳು ಇವಳು. ಗ್ರೀನ್ ಹೊರಗೆ ಪಟರ್ ಹಿಡಿಯುವುದು ಅಂಜುಬುರುಕರ ಕೆಲಸ ಅಂತ ನಾನು ಅಂದುಕೊಂಡಿದ್ದೆ. ಇಲ್ಲಿ ಅದೇ ಜಾಣತನ.

ಶುಕ್ರವಾರ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಟೈಗರ್ ವುಡ್ಸ್ ಹಿಂದೆ ಹೋದೆ. ನನ್ನಂತೆ ಸಾವಿರಾರು ಜನ. ಪ್ರತಿ ಹೋಲ್‌ನಲ್ಲೂ ನಾಲ್ಕೈದು ಸಾಲು ಹೆಗಲುಗಳ ಹಿಂದೆ ನಿಂತು, ಚಪ್ಪಾಳೆ ಕೇಳಿ, ಓಹ್ ಚೆನ್ನಾಗಿ ಹೊಡೆದರು ಅಂತ ಊಹಿಸುವುದು. ಕೊನೆಗೆ ಎರಡು ಸುತ್ತಿನಲ್ಲಿ ಪಾರ್‌ಗಿಂತ ಒಂಬತ್ತು ಹೊಡೆತ ಹೆಚ್ಚಾಗಿ ಅವರು ಟೂರ್ನಿಯಿಂದ ಹೊರಬಿದ್ದರು. 18ನೇ ಹೋಲ್‌ನ ಪುಟ್ಟ ಕಲ್ಲಿನ ಸ್ವಿಲ್ಕನ್ ಸೇತುವೆ ದಾಟಿ ಟೋಪಿ ತೆಗೆದು 18ನೇ ಗ್ರೀನ್ ಕಡೆ ಬರುವಾಗ, ಎದುರಿಂದ ಮೊದಲ ಹೋಲ್ ಆಡಲು ಹೊರಟಿದ್ದ ರೋರಿ ಮೆಕಿಲ್ರಾಯ್ ತಮ್ಮ ಟೋಪಿ ಎತ್ತಿ ನಮಸ್ಕರಿಸಿದರು. ಜನ ಅಳುತ್ತಿದ್ದರು. ಇದನ್ನು ಪೂರ್ತಿ ನೋಡಿದ್ದು ನನ್ನ ಹೆಂಡತಿ. ಬೆಳಿಗ್ಗೆಯೇ 18ರ ಸ್ಟ್ಯಾಂಡಿನಲ್ಲಿ ಕೂತು, ಬಾಟಲಿ ನೀರು ತುಂಬಿಸಿಕೊಂಡು, ಒಬ್ಬೊಬ್ಬರೇ ಬರುವುದನ್ನು ನೋಡಿದ್ದಳು. ನಾನು ನೋಡಿದ್ದು ಅವಳ ಬಾಯಲ್ಲಿ.

ಹಾಗಾಗಿ ಪಂದ್ಯದ ದಿನ ಒಂದು ಕಡೆ ಕೂತುಬಿಡಿ. ಸ್ಟ್ಯಾಂಡಿಗೆ ಬೇಗ ಹೋಗಬೇಕು, ಮೊದಲು ಬಂದವರಿಗೆ ಜಾಗ. ಮೊದಲೆರಡು ದಿನ 156 ಆಟಗಾರರು ಮೂರು ಮೂರು ಜನರ ಗುಂಪಾಗಿ, ಎಲ್ಲರೂ ಒಂದನೇ ಟೀಯಿಂದಲೇ ಹೊರಡುತ್ತಾರೆ. ಆ ವರ್ಷ ಮೊದಲ ಗುಂಪು ಹೊರಟದ್ದು ಬೆಳಿಗ್ಗೆ 6.35ಕ್ಕೆ. ಒಂದು ಸುತ್ತು ಮುಗಿಯಲು ಆರು ಗಂಟೆಯೂ ಹಿಡಿಯುತ್ತಿತ್ತು. ಫೋನ್ ಒಳಗೆ ಬಿಡುತ್ತಾರೆ, ಸದ್ದು ಮಾತ್ರ ಆಫ್ ಇರಬೇಕು. ಆಟಗಾರರು ಚೆಂಡಿನ ಮುಂದೆ ನಿಂತರೆ ನೀವೂ ನಿಂತಲ್ಲೇ ನಿಲ್ಲಬೇಕು. ‘ಫೋರ್!’ (ಚೆಂಡು ಜನರ ಕಡೆ ಬರ್ತಿದೆ, ಹುಷಾರ್) ಅಂತ ಕೂಗು ಕೇಳಿದರೆ ಮೇಲೆ ನೋಡಬೇಡಿ, ತಲೆ ಮೇಲೆ ಕೈಯಿಟ್ಟು ಬಗ್ಗಿ. ಸಣ್ಣ ಬ್ಯಾಗ್, ಮಳೆ ಜಾಕೆಟ್, ಸನ್‌ಸ್ಕ್ರೀನ್, ಪಳಗಿದ ಬೂಟು ಸಾಕು. ನಾನು ಹೊಸ ಬೂಟು ಹಾಕಿಕೊಂಡು ಹೋಗಿ ಡಂಡೀವರೆಗೂ ಕುಂಟಿದೆ.

ಮಧ್ಯೆ ಖಾಲಿ ಇದ್ದ ದಿನ ಕ್ಲಬ್‌ಹೌಸ್ ಹಿಂದಿನ ಗಾಲ್ಫ್ ಮ್ಯೂಸಿಯಂಗೆ ಹೋಗಿ. ಚರ್ಮದ ಚೀಲಕ್ಕೆ ಬೇಯಿಸಿದ ಹಕ್ಕಿ ಗರಿ ಒತ್ತಿ ತುಂಬಿ ಹೊಲಿದ ಹಳೇ ಚೆಂಡುಗಳಿವೆ. ರೇಂಜಿನಲ್ಲಿ ರಡಾರ್ ನೋಡಿ ಬಂದ ಮೇಲೆ ಅದನ್ನು ನೋಡುವುದೇ ಒಂದು ಮಜಾ.

ಭಾನುವಾರ ನಮ್ಮ ಹತ್ತಿರ ಟಿಕೆಟ್ ಇರಲಿಲ್ಲ. ಡಂಡೀಯ ಕೋಣೆಯಲ್ಲಿ ಕಾಲಿಗೆ ಪಟ್ಟಿ ಹಾಕಿಕೊಂಡು ಟಿವಿ ಮುಂದೆ ಕೂತಿದ್ದೆ. ಆಸ್ಟ್ರೇಲಿಯಾದ ಕ್ಯಾಮರಾನ್ ಸ್ಮಿತ್ ಹತ್ತನೇ ಹೋಲ್‌ನಿಂದ ಹದಿನಾಲ್ಕರವರೆಗೆ ಸಾಲಾಗಿ ಐದು ಬರ್ಡಿ ಹೊಡೆದು ಮೆಕಿಲ್ರಾಯ್ ಅವರನ್ನು ದಾಟಿದ್ದರು. ಹದಿನೇಳರಲ್ಲಿ ಅವರ ಎರಡನೇ ಹೊಡೆತ ಗ್ರೀನ್ ಮುಟ್ಟದೆ ಎಡಕ್ಕೆ ನಿಂತಿತು. ಬಾವುಟಕ್ಕೂ ಚೆಂಡಿಗೂ ನಡುವೆ ಆ ಬಂಕರ್. ಮುಗೀತು ಕಥೆ, ಈಗ ವೆಜ್ ತೆಗೆದು ಎತ್ತರಕ್ಕೆ ಹೊಡೆಯಬೇಕು ಅಂದೆ ನಾನು.

‘ಇಲ್ಲ ರೀ, ಉದ್ದನೆಯದಲ್ಲ, ಆ ಗಿಡ್ಡ ಕೋಲು ತಗೋತಾರೆ ನೋಡಿ’ ಅಂದಳು ಇವಳು, ಟವೆಲ್ ಮಡಚುತ್ತಾ.

ಸ್ಮಿತ್ ಪಟರ್ ತಗೊಂಡರು. ಬಂಕರ್ ಬದಿಯಿಂದ ಬಳಸಿ ಏರಿಗೆ ಉರುಳಿಸಿದರು. ಮಂಗಳವಾರ ನಾವು ನೋಡಿದ ಅದೇ ದಾರಿ. ಚೆಂಡು ಗ್ರೀನ್ ಹತ್ತಿ ಹೋಲ್‌ಗೆ ಸುಮಾರು ಹತ್ತು ಅಡಿ ದೂರದಲ್ಲಿ ನಿಂತಿತು. ಅದನ್ನೂ ಒಳಗೆ ಹಾಕಿ ಪಾರ್ ಉಳಿಸಿಕೊಂಡರು. 18ರಲ್ಲಿ ಇನ್ನೊಂದು ಬರ್ಡಿ. ದಿನದ ಲೆಕ್ಕ 64, ಒಟ್ಟು 268. ಒಂದೇ ಒಂದು ಹೊಡೆತದಿಂದ ಓಪನ್ ಗೆದ್ದರು. ಇವಳು ಟವೆಲ್ ಕಪಾಟಿನಲ್ಲಿಟ್ಟು ಬಂದು, ಮುಂದಿನ ಸಲ ಯಾವ ದಿನದ ಟಿಕೆಟ್ ಅಂತ ನನ್ನನ್ನು ಕೇಳಲೇ ಬೇಡಿ, ನಾನೇ ಹೇಳುತ್ತೇನೆ ಅನ್ನುವ ಹಾಗೆ ನನ್ನ ಮುಖ ನೋಡಿದಳು.