ಓಟಿಯಿಂದ ವಾರ್ಡಿಗೆ ಹೋದ ಮೇಲೆ ನರದ ಕ್ಯಾತಿಟರ್: ದಾವಣಗೆರೆಯಿಂದ ಕೆಲವು ಕೆಲಸದ ಮಾತು

ಮೆಕ್ಕೆಜೋಳ ಒಕ್ಕುವ ಕಾಲ ಬಂತೆಂದರೆ ದಾವಣಗೆರೆಯ ಆಸ್ಪತ್ರೆಗಳಿಗೆ ಯಂತ್ರಕ್ಕೆ ಸಿಕ್ಕ ಕೈಗಳು ಬರತೊಡಗುತ್ತವೆ. ಚನ್ನಗಿರಿ ಕಡೆಯಿಂದ ಅಡಿಕೆ ಸುಲಿಯುವ ಯಂತ್ರದ ಗಾಯಗಳು, ವರ್ಷಪೂರ್ತಿ ಹೆದ್ದಾರಿ 48ರಲ್ಲಿ ಬೈಕಿನಿಂದ ಬಿದ್ದವರ ಕಾಲುಗಳು. ಇವು ಒಂದೇ ಆಪರೇಷನ್‌ಗೆ ಮುಗಿಯುವಂಥವಲ್ಲ. ಗಾಯ ತೊಳೆಯುವುದು, ಮತ್ತೆ ತೊಳೆಯುವುದು, ಆಮೇಲೆ ಚರ್ಮದ ಕಸಿ. ನರದ ಸುತ್ತ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧಿ ಹಾಕುವ ಒಂದು ಸಲದ ಬ್ಲಾಕ್ ಎಷ್ಟೇ ಚೆನ್ನಾಗಿ ಕೂತರೂ ಬೆಳಗಿನ ಜಾವದೊಳಗೆ ಇಳಿದುಬಿಡುತ್ತದೆ. ನರದ ಪಕ್ಕ ಕ್ಯಾತಿಟರ್, ಅಂದರೆ ತೆಳುವಾದ ಕೊಳವೆ, ಬಿಡುವುದು ಇದಕ್ಕಾಗಿ: ಎರಡು ಮೂರು ದಿನ ಔಷಧಿ ಹನಿಹನಿಯಾಗಿ ಹೋಗುತ್ತಿರಬೇಕು, ಮಾರ್ಫಿನ್ ಟ್ರಮಡಾಲ್‌ಗಳ ವಾಂತಿ, ಮಂಪರು ಕಡಿಮೆಯಾಗಬೇಕು.

ಸೂಜಿ ನರದ ಹತ್ತಿರ ಒಯ್ಯುವುದನ್ನು ಕಲಿಸಲು ಕಾರ್ಯಾಗಾರಗಳು ಬೇಕಾದಷ್ಟಿವೆ. ಹಾಕಿದ ಮೇಲಿನ ಮೂರು ದಿನದ ಬಗ್ಗೆ ಮಾತು ಕಡಿಮೆ, ಕ್ಯಾತಿಟರ್ ಕೆಡುವುದು ಬಹುಪಾಲು ಆಗಲೇ. ಹಾಗಾಗಿ ಮೊದಲ ಪ್ರಶ್ನೆ ಇದಾಗಿರಲಿ: ಇವತ್ತು ರಾತ್ರಿ ಈ ರೋಗಿಯನ್ನು ಯಾರು ನೋಡುತ್ತಾರೆ? ಕೇಸ್ ಮುಗಿಸಿ ಇನ್ನೊಂದು ನರ್ಸಿಂಗ್ ಹೋಮ್‌ಗೆ ಓಡುವ ಅರಿವಳಿಕೆ ತಜ್ಞರು, ರಾತ್ರಿ ಒಬ್ಬರೇ ಸಿಸ್ಟರ್ ಇರುವ ವಾರ್ಡ್ ಎಂದಾದರೆ ಕ್ಯಾತಿಟರ್ ಬೇಡ. ಒಂದು ಸಲದ ಬ್ಲಾಕ್ ಕೊಟ್ಟು, ರಕ್ತನಾಳಕ್ಕೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಸೇರಿಸಿ, ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಬರೆದಿಡುವುದು ಮೇಲು. ಇನ್ನೊಂದು ತೊಡಕು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಯಂತ್ರದ್ದು. ನರ ನೋಡಲಿಕ್ಕೆ ಇಟ್ಟ ಯಂತ್ರವಾದರೂ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗುವಂತಿಲ್ಲ.

ಬ್ಲಾಕ್ ಮುಟ್ಟುವ ಮೊದಲು ಬೆರಳುಗಳ ಸ್ಪರ್ಶ, ಚಲನೆ ನೋಡಿ ಕೇಸ್ ಶೀಟಿನಲ್ಲಿ ಬರೆಯಬೇಕು. ಯಂತ್ರಕ್ಕೆ ಸಿಕ್ಕ ಕೈಯಲ್ಲಿ ನರ ಆಗಲೇ ತುಂಡಾಗಿರಬಹುದು, ಹಳೆಯ ಸಕ್ಕರೆ ಕಾಯಿಲೆಯವರ ಪಾದ ಮೊದಲೇ ಮರಗಟ್ಟಿರಬಹುದು. ಬರೆಯದೆ ಬಿಟ್ಟರೆ ಮೂರನೇ ದಿನ ಆ ಜೋಮು ಬ್ಲಾಕಿನ ಲೆಕ್ಕಕ್ಕೆ ಬರುತ್ತದೆ.

ಸಾಮಾನಿನ ವಿಷಯ. ನರಕ್ಕೆಂದೇ ಬರುವ ಸೆಟ್ ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ. 18 ಗೇಜ್‌ನ, ತುದಿ ಬಾಗಿದ ಟೂಹಿ ಸೂಜಿ, 20 ಗೇಜ್ ಕ್ಯಾತಿಟರ್ ಇರುವ, ಬೆನ್ನಿಗೆ ಹಾಕುವ ಮಾಮೂಲಿ ಎಪಿಡ್ಯೂರಲ್ ಸೆಟ್‌ನಲ್ಲಿ ಕೆಲಸ ನಡೆಯುತ್ತದೆ. ಒಂದು ಮಾತ್ರ ನೆನಪಿರಲಿ: ಈ ಕ್ಯಾತಿಟರ್‌ನಲ್ಲಿ ಔಷಧಿ ಬರುವುದು ಕೊನೆಯ ಒಂದೂವರೆ ಸೆಂ.ಮೀ.ನಲ್ಲಿರುವ ಪಕ್ಕದ ತೂತುಗಳಿಂದ. ಸೂಜಿಯ ತುದಿ ದಾಟಿ 1 ಸೆಂ.ಮೀ. ಮಾತ್ರ ಬಿಟ್ಟರೆ ಮೇಲಿನ ತೂತು ಸ್ನಾಯುವಿನಲ್ಲಿ ಉಳಿಯುತ್ತದೆ. 5 ಸೆಂ.ಮೀ.ಗಿಂತ ಹೆಚ್ಚು ತಳ್ಳಿದರೆ ಒಳಗೆ ಸುತ್ತಿಕೊಂಡು ತುದಿ ಎಲ್ಲೋ ಹೋಗುತ್ತದೆ, ಅಪರೂಪಕ್ಕೆ ಗಂಟೂ ಬೀಳುತ್ತದೆ. 3 ಸೆಂ.ಮೀ. ಆಸುಪಾಸು ಸರಿ. ಚರ್ಮಕ್ಕೆ ಶೇ 2ರ ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ಹಚ್ಚಿ ಪೂರ್ತಿ ಒಣಗಲು ಬಿಡಬೇಕು. ಗೌನು, ಗ್ಲೌಸು, ಚರ್ಮದ ಮೇಲಿಡುವ ಸ್ಕ್ಯಾನಿಂಗ್ ಪ್ರೋಬ್‌ಗೆ ಉದ್ದನೆಯ ಸ್ಟೆರೈಲ್ ಕವರ್, ಸ್ಟೆರೈಲ್ ಜೆಲ್. ಒಂದು ಸಲದ ಬ್ಲಾಕಿನ ಸಡಿಲಿಕೆ ಇಲ್ಲಿ ನಡೆಯದು.

ಕೈ ಗಾಯಕ್ಕೆ ನಮ್ಮ ಆಯ್ಕೆ ಕೊರಳೆಲುಬಿನ ಕೆಳಗಿನ ಇನ್‌ಫ್ರಾಕ್ಲಾವಿಕ್ಯುಲರ್ ಬ್ಲಾಕ್. ಕುತ್ತಿಗೆಯ ಚರ್ಮ ಹೊರಳಿದಾಗೆಲ್ಲ ಅಲ್ಲಿನ ಕ್ಯಾತಿಟರ್ ಸರಿದಾಡುತ್ತದೆ. ಕಂಕುಳಲ್ಲಿ ಬೆವರು, ಸೋಂಕು. ಎದೆಯ ಎರಡು ಸ್ನಾಯುಗಳನ್ನು ಹಾದುಬಂದದ್ದು ಬಿಗಿಯಾಗಿ ನಿಲ್ಲುತ್ತದೆ. ಕೈಯನ್ನು ಸಾಧ್ಯವಾದಷ್ಟು 90 ಡಿಗ್ರಿ ಚಾಚಿಸಿದರೆ ಕೊರಳೆಲುಬು ಮೇಲೆ ಸರಿದು ಜಾಗ ಸಿಗುತ್ತದೆ. ಪ್ರೋಬನ್ನು ಕೊರಳೆಲುಬಿನ ಕೆಳಗೆ, ಕೊರಾಕಾಯ್ಡ್ ಮೂಳೆಯ ಒಳಮಗ್ಗುಲಿಗೆ, ಉದ್ದುದ್ದ ನಿಲ್ಲಿಸಿ. ಸ್ನಾಯುಗಳ ಕೆಳಗೆ 3ರಿಂದ 5 ಸೆಂ.ಮೀ. ಆಳದಲ್ಲಿ ರಕ್ತನಾಳ ಮಿಡಿಯುತ್ತಿರುತ್ತದೆ. ತಲೆಯ ಕಡೆಯಿಂದ ಸೂಜಿ ಇಳಿಸಿ ತುದಿಯನ್ನು ರಕ್ತನಾಳದ ಹಿಂಬದಿಗೆ, ಗಡಿಯಾರದ 6 ಗಂಟೆಯ ಜಾಗಕ್ಕೆ ಒಯ್ಯಬೇಕು. ಸಲೈನ್ ಬಿಟ್ಟಾಗ ದ್ರವ ರಕ್ತನಾಳವನ್ನು ಕೆಳಗಿನಿಂದ ತಬ್ಬಿಕೊಂಡು ಮೇಲೇಳಬೇಕು. ಮುಂಬದಿಯಲ್ಲೇ ನಿಂತರೆ ಕಿರುಬೆರಳಿನ ಕಡೆಯ ಬೆರಳುಗಳ ನೋವು ಹೋಗುವುದಿಲ್ಲ. ಸೂಜಿ ಕಡಿದಾಗಿ ಇಳಿಯುವುದರಿಂದ ಸರಿಯಾಗಿ ಕಾಣುವುದಿಲ್ಲ, ಕೆಳಗೇ ಪುಪ್ಪುಸದ ಪೊರೆ ಇರುತ್ತದೆ. ತುದಿ ಕಾಣದಿದ್ದರೆ ಮುಂದೆ ತಳ್ಳಬೇಡಿ.

ಹಿಮ್ಮಡಿ, ಕಣಕಾಲಿನ ಮೂಳೆಗೆ ಮೊಣಕಾಲ ಹಿಂದಿನ ಸಯಾಟಿಕ್ ನರದ ಬ್ಲಾಕ್. ಮಡಿಕೆಯಿಂದ 5ರಿಂದ 10 ಸೆಂ.ಮೀ. ಮೇಲೆ ನರ ಕವಲೊಡೆಯುವ ಜಾಗ ಹುಡುಕಿ, ಎರಡೂ ಕವಲನ್ನು ಸುತ್ತಿರುವ ಪೊರೆಯೊಳಗೆ ಹೋಗಬೇಕು. ತೊಡೆಯ ಹೊರಮಗ್ಗುಲಿನಿಂದ ಸೂಜಿ ಹಾಕಿದರೆ ಕ್ಯಾತಿಟರ್ ಮೊಣಕಾಲ ಮಡಿಕೆಗೆ ಸಿಕ್ಕುವುದಿಲ್ಲ. ರಕ್ತ ತಡೆಯುವ ಟೂರ್ನಿಕೆ ಪಟ್ಟಿ ಎಲ್ಲಿ ಕಟ್ಟುತ್ತೀರಿ, ಪ್ಲಾಸ್ಟರಿನ ಸ್ಲ್ಯಾಬ್ ಎಲ್ಲಿವರೆಗೆ ಬರುತ್ತದೆ ಎಂದು ಮೂಳೆ ತಜ್ಞರನ್ನು ಮೊದಲೇ ಕೇಳಿ. ಹತ್ತಿಯ ಸುತ್ತಿನಡಿ ಮುಚ್ಚಿಹೋದ ಕ್ಯಾತಿಟರ್ ಒದ್ದೆಯಾಗಿದೆಯೋ ಹೊರಬಂದಿದೆಯೋ ಯಾರಿಗೂ ಕಾಣದು. ಕಣಕಾಲಿನ ಒಳಮಗ್ಗುಲಿಗೆ ಸಫೀನಸ್ ನರ ಬೇರೆಯೇ ಬೇಕು, ತೊಡೆಯ ಒಳಮಗ್ಗುಲಿನ ಅಡಕ್ಟರ್ ಕೆನಾಲ್‌ನಲ್ಲಿ 8ರಿಂದ 10 ಎಂ.ಎಲ್. ಸಾಕು. ಮೊಣಕಾಲು ಬದಲಾವಣೆಗೂ ಅಲ್ಲೇ ಹಾಕುತ್ತೇವೆ. ತೊಡೆಸಂದಿನ ಫೆಮೊರಲ್ ನರಕ್ಕೆ ಹಾಕಿದರೆ ತೊಡೆಯ ಬಲ ಹೋಗಿ ಅಜ್ಜಿ ಬಚ್ಚಲಿಗೆ ಎದ್ದಾಗ ಬೀಳುತ್ತಾರೆ. ಭುಜಕ್ಕೆ ಕುತ್ತಿಗೆಯಲ್ಲಿ ಹಾಕುವ ಇಂಟರ್‌ಸ್ಕೇಲೀನ್ ಒಳ್ಳೆಯದೇ, ಆದರೆ ಆ ಬದಿಯಲ್ಲಿ ಉಸಿರಾಟ ನಡೆಸುವ ವಪೆಯ ನರವನ್ನೂ ಹಿಡಿಯುತ್ತದೆ. ಬೀಡಿ ಸೇದಿ ಪುಪ್ಪುಸ ಕೆಟ್ಟವರಿಗೆ ಬೇಡ.

ತುದಿ ಎಲ್ಲಿದೆ ಎಂಬುದನ್ನು ಊಹೆಗೆ ಬಿಡಬಾರದು. ಪ್ರೋಬ್ ಇಟ್ಟುಕೊಂಡೇ ಕ್ಯಾತಿಟರ್ ಮೂಲಕ 1ರಿಂದ 2 ಎಂ.ಎಲ್. ಸಲೈನ್ ಬಿಡಿ. ನರದ ಸುತ್ತ ಹರಡಿದ್ದು ಕಾಣದಿದ್ದರೆ ಅರ್ಧ ಎಂ.ಎಲ್. ಗಾಳಿ ಸೇರಿಸಿ ಕುಲುಕಿದ ಸಲೈನ್ ಬಿಡಿ, ಬಿಳಿ ಚುಕ್ಕೆಗಳು ದಾರಿ ತೋರಿಸುತ್ತವೆ. ಗಾಳಿ ಜಾಸ್ತಿಯಾದರೆ ಚಿತ್ರವೇ ಮುಚ್ಚಿಹೋಗುತ್ತದೆ, ಅದಕ್ಕೇ ಇದು ಕೊನೆಗೆ. ಮುಖ್ಯ ಡೋಸನ್ನು ಸೂಜಿಯಲ್ಲಿ ಪೂರ್ತಿ ಕೊಟ್ಟುಬಿಟ್ಟರೆ ಕ್ಯಾತಿಟರ್ ತಪ್ಪಿ ಕೂತದ್ದು ಮರುದಿನದವರೆಗೂ ಗೊತ್ತಾಗುವುದಿಲ್ಲ. ಸಲೈನ್‌ನಲ್ಲಿ ಜಾಗ ಮಾಡಿಕೊಂಡು ಔಷಧಿಯನ್ನು ಕ್ಯಾತಿಟರ್‌ನಲ್ಲೇ ಕೊಡುವುದು ವಾಸಿ.

ಬಿಗಿಯುವುದರಲ್ಲಿ ಆತುರ ಬೇಡ. ಸೂಜಿಯ ತೂತು ಕ್ಯಾತಿಟರ್‌ಗಿಂತ ದಪ್ಪ, ಹಾಗಾಗಿ ಔಷಧಿ ಹೊರಗೆ ಸೋರುತ್ತದೆ, ಸೋರಿದ ಮೇಲೆ ಡ್ರೆಸ್ಸಿಂಗ್ ಏಳುತ್ತದೆ, ಆಮೇಲೆ ಕ್ಯಾತಿಟರ್ ಜಾರುತ್ತದೆ. ತೂತಿನ ಮೇಲೆ ಒಂದು ಹನಿ ಸ್ಟೆರೈಲ್ ಸೈನೊಆಕ್ರಿಲೇಟ್ ಗ್ಲೂ ಹಾಕಿದರೆ ಎರಡೂ ನಿಲ್ಲುತ್ತವೆ. ಗ್ಲೂ ಇಲ್ಲದಿದ್ದರೆ ಚರ್ಮದಡಿ 3ರಿಂದ 5 ಸೆಂ.ಮೀ. ಸುರಂಗ ಮಾಡಿ. ಏಪ್ರಿಲ್, ಮೇ ಸೆಖೆಯಲ್ಲಿ ಬೆವರಿಗೆ ಯಾವ ಪ್ಲಾಸ್ಟರೂ ನಿಲ್ಲದು. ಟಿಂಚರ್ ಬೆನ್ಜೋಯಿನ್ ಹಚ್ಚಿ, ಒಣಗಿಸಿ, ಒಂದು ಸುತ್ತು ಸಡಿಲವಾಗಿ ಬಿಟ್ಟು ಪಾರದರ್ಶಕ ಡ್ರೆಸ್ಸಿಂಗ್. ಚರ್ಮದ ಮಟ್ಟದಲ್ಲಿ ಎಷ್ಟನೇ ಗುರುತು ಇದೆ ಎಂದು ಡ್ರೆಸ್ಸಿಂಗ್ ಮೇಲೇ ಬರೆಯಿರಿ. ಫಿಲ್ಟರ್ ಹತ್ತಿರ ‘ನರಕ್ಕೆ ಮಾತ್ರ, ರಕ್ತನಾಳಕ್ಕಲ್ಲ’ ಎಂಬ ಚೀಟಿ ಕನ್ನಡದಲ್ಲೇ ಇರಲಿ. ಲೈನಿನಲ್ಲಿ ತ್ರೀ-ವೇ, ಅಂದರೆ ಮೂರು ಬಾಯಿಯ ಜೋಡಣೆ, ಬೇಡ. ಇದ್ದರೆ ಯಾರೋ ಅಲ್ಲಿಗೇ ಆ್ಯಂಟಿಬಯಾಟಿಕ್ ಕೊಟ್ಟುಬಿಡುತ್ತಾರೆ.

ಔಷಧಿಯ ಲೆಕ್ಕ. ಮೊದಲ ಡೋಸಿಗೆ ಬುಪಿವಕೇನ್ ಹೆಚ್ಚೆಂದರೆ ಕೆ.ಜಿ.ಗೆ 2 ಮಿ.ಗ್ರಾಂ. 60 ಕೆ.ಜಿ.ಯವರಿಗೆ 120 ಮಿ.ಗ್ರಾಂ, ಅಂದರೆ ಶೇ 0.5ರದ್ದು 24 ಎಂ.ಎಲ್. ಸರ್ಜನ್ ಗಾಯದ ಸುತ್ತ ಹಾಕುವುದೂ ಇದರೊಳಗೇ ಬರಬೇಕು. ಅದೇ ಜಾತಿಯ ರೋಪಿವಕೇನ್‌ಗೆ ಕೆ.ಜಿ.ಗೆ 3 ಮಿ.ಗ್ರಾಂ. ವಾರ್ಡಿಗೆ 50 ಎಂ.ಎಲ್. ಸಿರಿಂಜ್: ಶೇ 0.5ರ ಬುಪಿವಕೇನ್ 12.5 ಎಂ.ಎಲ್., ಸಲೈನ್ 37.5 ಎಂ.ಎಲ್., ಅಲ್ಲಿಗೆ ಶೇ 0.125. ಗಂಟೆಗೆ 5 ಎಂ.ಎಲ್. ಓಡಿಸಿದರೆ ಹತ್ತು ಗಂಟೆ ಬರುತ್ತದೆ, ದಿನಕ್ಕೆ 150 ಮಿ.ಗ್ರಾಂ. ಸ್ಪೈನಲ್‌ಗೆ ಬರುವ ‘ಹೆವಿ’ ಆಂಪೂಲ್ ಇದಕ್ಕಲ್ಲ. ರೋಪಿವಕೇನ್ ಶೇ 0.2 ಸಿಕ್ಕರೆ ಅದೇ ಒಳ್ಳೆಯದು, ಬೆರಳಾಡಿಸುವ ಬಲ ಹೆಚ್ಚು ಉಳಿಯುತ್ತದೆ. ಕರೆಂಟ್ ಹೋಗುವ ವಾರ್ಡಿನಲ್ಲಿ ಸಿರಿಂಜ್ ಪಂಪಿನ ಬ್ಯಾಟರಿ ನಂಬಬೇಡಿ, ಹಿಂದಿನ ದಿನವೇ ಪ್ಲಗ್ ತೆಗೆದು ಓಡಿಸಿ ನೋಡಿ. ಬಲೂನ್ ಪಂಪ್‌ಗೆ ಕರೆಂಟ್ ಬೇಡ, ಆದರೆ ಬಿಸಿಯಾದಷ್ಟೂ ಹರಿವು ಹೆಚ್ಚುತ್ತದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡಬಾರದು.

ರಾತ್ರಿ ಎರಡು ಗಂಟೆಗೆ ‘ಪೇಷಂಟ್‌ಗೆ ನೋವು ಜಾಸ್ತಿ’ ಎಂದು ಫೋನ್ ಬಂದಾಗ ಫೋನಿನಲ್ಲೇ ಬೋಲಸ್, ಅಂದರೆ ಒಮ್ಮೆಗೇ ಕೊಡುವ ಹೆಚ್ಚಿನ ಡೋಸು, ಹೇಳಬೇಡಿ. ಮೊಣಕಾಲ ಕೆಳಗಿನ ಮೂಳೆ, ಮುಂಗೈ ಮೂಳೆ ಮುರಿದವರಲ್ಲಿ ಮೊದಲು ನೋಡಬೇಕಾದ್ದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್, ಅಂದರೆ ಬಾವಿನ ಒತ್ತಡಕ್ಕೆ ಸ್ನಾಯುವಿಗೆ ರಕ್ತ ಸಿಗದೆ ಹೋಗುವುದು. ಇಷ್ಟು ಹೊತ್ತು ಸಾಕಾಗುತ್ತಿದ್ದ ಔಷಧಿ ಈಗ ಸಾಲುತ್ತಿಲ್ಲ, ಮೀನಖಂಡ ಕಲ್ಲಿನಂತಿದೆ, ಹೆಬ್ಬೆರಳನ್ನು ನಾವು ಬಗ್ಗಿಸಿದರೆ ಚೀರುತ್ತಾರೆ ಎಂದರೆ ಸ್ಲ್ಯಾಬ್ ಬಿಚ್ಚಿ ಸರ್ಜನ್‌ಗೆ ಹೇಳಿ. ನಾಡಿ ಸಿಗುತ್ತಿದೆ ಎಂದು ಸಮಾಧಾನ ಪಡಬೇಡಿ, ಕೊನೆಯವರೆಗೂ ಸಿಗಬಹುದು. ಗಟ್ಟಿ ಔಷಧಿ ಈ ನೋವನ್ನು ಮುಚ್ಚಿಬಿಡಬಹುದು; ತೆಳುವಾಗಿ ಓಡಿಸುವುದಕ್ಕೆ ಇದೇ ದೊಡ್ಡ ಕಾರಣ. ‘ಕಾಲು ಐತೋ ಇಲ್ಲೋ ತಿಳೀವಲ್ದು ಸಾರ್’ ಎನ್ನುವಷ್ಟು ಮರಗಟ್ಟಿದ್ದರೆ ಬ್ಲಾಕ್ ಚೆನ್ನಾಗಿದೆ ಎಂದು ಹಿಗ್ಗುವ ಬದಲು ಪಂಪ್ ನಿಲ್ಲಿಸಿ. ‘ಅಜ್ಜಾ, ಬೆರಳು ಆಡ್ಸು ನೋಡಾನ’ ಎಂದಾಗ ಆಡಬೇಕು.

ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅಲ್ಲ ಎಂದು ಖಾತ್ರಿಯಾದ ಮೇಲೆ ಪಂಪಿನಿಂದ ಚರ್ಮದವರೆಗೆ ಬನ್ನಿ: ಪಂಪ್ ಓಡುತ್ತಿದೆಯೇ, ಕ್ಲಾಂಪ್ ಮುಚ್ಚಿದೆಯೇ, ಕನೆಕ್ಟರ್ ಕಳಚಿದೆಯೇ, ಡ್ರೆಸ್ಸಿಂಗ್ ಒದ್ದೆಯೇ, ಗುರುತು ಸರಿದಿದೆಯೇ. ಸ್ಪಿರಿಟ್ ಹತ್ತಿ ಮುಟ್ಟಿಸಿ ತಣ್ಣಗೆ ತಿಳಿಯುತ್ತದೆಯೇ ಕೇಳಿ. ಎಲ್ಲ ಸರಿಯಿದ್ದರೆ ಎಳೆದು ರಕ್ತ ಬರುವುದಿಲ್ಲ ಎಂದು ನೋಡಿ 5 ಎಂ.ಎಲ್. ನಿಧಾನವಾಗಿ ಕೊಟ್ಟು 20 ನಿಮಿಷ ಕಾಯಿರಿ. ಆಗಲೂ ಇಳಿಯದಿದ್ದರೆ ಕ್ಯಾತಿಟರ್ ಜಾಗ ಬಿಟ್ಟಿದೆ. ತೆಗೆದುಬಿಡಿ, ಕೆಲಸ ಮಾಡದ ಕ್ಯಾತಿಟರ್‌ಗೆ ಮತ್ತೆ ಮತ್ತೆ ಔಷಧಿ ಸುರಿಯುವುದೇ ವಿಷಕ್ಕೆ ದಾರಿ.

ಔಷಧಿ ರಕ್ತದಲ್ಲಿ ಹೆಚ್ಚಾಗಿ ಏರುವ ಆ ವಿಷದ ಮೊದಲ ಸೂಚನೆ ಬಾಯಿ ಸುತ್ತ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್ ಎನ್ನುವುದು, ಸುಮ್ಮನೆ ತಳಮಳ. ಆಮೇಲೆ ಫಿಟ್ಸ್, ಹೃದಯದ ಲಯ ಕೆಡುವುದು. ಪಂಪ್ ನಿಲ್ಲಿಸಿ, ಆಕ್ಸಿಜನ್, ಫಿಟ್ಸ್‌ಗೆ ಮಿಡಝೋಲಾಂ. ಶೇ 20ರ ಲಿಪಿಡ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ) ಕೆ.ಜಿ.ಗೆ 1.5 ಎಂ.ಎಲ್. 2ರಿಂದ 3 ನಿಮಿಷದಲ್ಲಿ, 60 ಕೆ.ಜಿ.ಗೆ 90 ಎಂ.ಎಲ್., ಆಮೇಲೆ ನಿಮಿಷಕ್ಕೆ 15 ಎಂ.ಎಲ್. ಅಡ್ರಿನಾಲಿನ್ ಬೇಕಾದರೆ ಚಿಕ್ಕ ಡೋಸು, ಒಮ್ಮೆಗೆ ಕೆ.ಜಿ.ಗೆ 1 ಮೈಕ್ರೋಗ್ರಾಂ ಮೀರದಂತೆ. ಅರಿವಳಿಕೆಯ ಪ್ರೊಪೊಫಾಲ್ ಬೆಳ್ಳಗಿದೆ ಎಂದು ಲಿಪಿಡ್ ಬದಲಿಗೆ ಆಗುವುದಿಲ್ಲ. ಲಿಪಿಡ್ ಬಾಟಲಿ ಓಟಿಯ ಬೀರುವಿನಲ್ಲಿ ಬೀಗ ಹಾಕಿ ಕೂತಿದ್ದರೆ ವಾರ್ಡಿಗೆ ಅದು ಇಲ್ಲದ ಲೆಕ್ಕ.

ಪೇಷಂಟ್ ಕಡೆಯವರಿಗೂ ಹೇಳಬೇಕಾದ್ದಿದೆ. ಜೋಮು ಹಿಡಿದ ಕಾಲಿಗೆ ಬಿಸಿನೀರಿನ ಶಾಖ ಕೊಡಬಾರದು, ಸುಟ್ಟರೂ ತಿಳಿಯದು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದಡಿ ದಿಂಬು, ಕೈಯಾದರೆ ಮೊಣಕೈ ಒತ್ತದಂತೆ ಜೋಲಿ.

ನಿಲ್ಲಿಸುವುದು 48ರಿಂದ 72 ಗಂಟೆಗೆ, ಅದೂ ಬೆಳಗ್ಗೆ. ಸಂಜೆ ನಿಲ್ಲಿಸಿದರೆ ನೋವು ಏಕಾಏಕಿ ಮರಳುವುದು ಸರಿರಾತ್ರಿ, ಕೇಳುವವರು ಇಲ್ಲದ ಹೊತ್ತಿಗೆ. ಪ್ಯಾರಸಿಟಮಾಲ್, ಕಿಡ್ನಿ ಸರಿಯಿದ್ದವರಿಗೆ ನೋವಿನ ಮಾತ್ರೆ, ಪಂಪ್ ನಿಲ್ಲಿಸುವ ಮೊದಲೇ ಹೊಟ್ಟೆಯಲ್ಲಿರಲಿ. ಕೆಂಪಾಗಿದ್ದರೆ, ಒತ್ತಿದಾಗ ನೋವಿದ್ದರೆ, ಕೀವು ಕಂಡರೆ ಹೊತ್ತು ನೋಡದೆ ತೆಗೆಯಿರಿ. ಹಾಕುವಾಗ ಇದ್ದ ಭಂಗಿಯಲ್ಲೇ ಮಲಗಿಸಿ ನಿಧಾನವಾಗಿ ಎಳೆಯಿರಿ. ತಡೆದರೆ ಜಗ್ಗಬೇಡಿ, ಕತ್ತರಿಸಬೇಡಿ; ಕೈಕಾಲಿನ ಭಂಗಿ ಬದಲಿಸಿ ಇನ್ನೊಮ್ಮೆ ನೋಡಿ. ತುದಿ ಪೂರ್ತಿ ಬಂದಿದೆ ಎಂದು ನೋಡಿ ಬರೆಯಿರಿ. ಮರುದಿನವೂ ಜೋಮು ಇಳಿಯದಿದ್ದರೆ ಮೊದಲ ದಿನ ಬರೆದಿಟ್ಟ ಬೆರಳುಗಳ ಹಾಳೆ ತೆಗೆದು ಹೋಲಿಸಿ, ಮೂಳೆ ತಜ್ಞರ ಜೊತೆಗೇ ಪರೀಕ್ಷೆ ಮಾಡಿ.