ಐದಡಿ ಎಂಟಿಂಚಿನ ಹುಡುಗನ ಆಟ ನೋಡುವಾಗ

ಈ ಸಲದ ಬೇಸಿಗೆ ಕ್ಯಾಂಪ್‌ಗೆ ನಮ್ಮ ತಂಡ ಕರೆಸಿಕೊಂಡ ಹುಡುಗರಲ್ಲಿ ರಷ್ಯಾದವನೊಬ್ಬ ಇದ್ದ. ಎತ್ತರ ಐದಡಿ ಎಂಟಿಂಚು. ತೂಕ 72 ಕೆಜಿ. ವಯಸ್ಸು ಇಪ್ಪತ್ತು. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವನನ್ನು ಯಾರೂ ತೆಗೆದುಕೊಂಡಿರಲಿಲ್ಲ. ಅವನ ವಿಡಿಯೊ ನೋಡಿ, ಕ್ಯಾಂಪ್‌ನಲ್ಲಿ ಆಟ ಗಮನಿಸಿ, ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಉತ್ತರ ಅಮೆರಿಕದ ಒಂದು ವೃತ್ತಿಪರ ಐಸ್ ಹಾಕಿ ತಂಡದ ವಿಡಿಯೊ ವಿಭಾಗದಲ್ಲಿದ್ದೇನೆ. ತಂಡದ ಹೆಸರು, ಹುಡುಗನ ಹೆಸರು ಇಲ್ಲಿ ಬೇಡ. ಅವನನ್ನು ನಾವು ಹೇಗೆ ನೋಡಿದೆವು ಅನ್ನುವುದನ್ನು ಮಾತ್ರ ಬರೆಯುತ್ತೇನೆ. ಜನರನ್ನು ಆರಿಸುವ ಕೆಲಸ ಯಾವ ಕ್ಷೇತ್ರದಲ್ಲಿ ಮಾಡುತ್ತಿದ್ದರೂ ಇದರಲ್ಲಿ ಒಂದೆರಡು ವಿಷಯ ಉಪಯೋಗಕ್ಕೆ ಬರಬಹುದು.

ಮೊದಲು ಆಟದ ಬಗ್ಗೆ ನಾಲ್ಕು ಮಾತು. ನಾನು ಕೊಡಗಿನವನು. ನಮ್ಮ ಕಡೆ ಹಾಕಿ ಅಂದರೆ ಮೈದಾನದ ಹಾಕಿ. ಕೊಡವ ಕುಟುಂಬಗಳು ತಂಡ ಕಟ್ಟಿಕೊಂಡು ಆಡುವ ಹಬ್ಬ 1997ರಲ್ಲಿ ಶುರುವಾಯಿತು. ಆ ಆಟದಲ್ಲಿ ಎದುರಾಳಿಯ ಮೈಮೇಲೆ ಬಿದ್ದರೆ ಫೌಲ್. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಪಕ್ ಅನ್ನುವ ರಬ್ಬರ್ ಬಿಲ್ಲೆ ಇರುತ್ತದೆ, ಅದು ಇರುವವನಿಗೆ ಭುಜದಿಂದ ಗುದ್ದುವುದು ನಿಯಮದ ಒಳಗೇ ಇದೆ. ರಿಂಕ್‌ನ, ಅಂದರೆ ಮಂಜುಗಡ್ಡೆಯ ಅಂಗಳದ, ಸುತ್ತ ಗಟ್ಟಿ ಗೋಡೆ ಇರುತ್ತದೆ. ನೂರು ಕೆಜಿ ತೂಕದ ಡಿಫೆನ್ಸ್ ಆಟಗಾರ ಸ್ಕೇಟ್ ಮೇಲೆ ಜೋರಾಗಿ ಬಂದು ಗೋಡೆಗೆ ಒತ್ತಿದರೆ 72 ಕೆಜಿಯವನ ಗತಿ ಏನು? ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಎತ್ತರ ಎಷ್ಟು ಅಂತ ಮೊದಲೇ ಕೇಳುವುದು ಸುಮ್ನೆ ಅಲ್ಲ.

ಹಾಗಂತ ಕಾಲ ಮೊದಲಿನ ಹಾಗೇ ಇಲ್ಲ. ಮಾಲೀಕರು ಮತ್ತು ಆಟಗಾರರ ಜಗಳದಲ್ಲಿ ಉತ್ತರ ಅಮೆರಿಕದ ಅತಿ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ 2004-05ರ ಸೀಸನ್ ಪೂರ್ತಿ ರದ್ದಾಯಿತು. ಮುಂದಿನ ಸೀಸನ್‌ನಿಂದ ರೆಫರಿಗಳು ಬಿಗಿಯಾದರು. ಸ್ಟಿಕ್‌ನಿಂದ ಕೊಕ್ಕೆ ಹಾಕಿ ಎಳೆದರೆ, ಕೈಯಿಂದ ಹಿಡಿದುಕೊಂಡರೆ ಪೆನಾಲ್ಟಿ ಕೊಡತೊಡಗಿದರು. ಎರಡು ಗೆರೆ ದಾಟಿ ಹೋಗುವ ಉದ್ದನೆಯ ಪಾಸ್‌ಗೆ ಇದ್ದ ತಡೆಯೂ ಹೋಯಿತು. ವೇಗವಿರುವ ಸಣ್ಣ ಆಟಗಾರರಿಗೆ ಉಸಿರಾಡಲು ಜಾಗ ಸಿಕ್ಕಿತು.

ಕ್ಯಾಂಪ್ ಶುರುವಾಗುವ ಮೊದಲೇ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರುಗಳು. ಆರ್ಟೆಮಿ ಪನಾರಿನ್ ಡ್ರಾಫ್ಟ್ ಆಗದೆ ಉಳಿದವನು. 2015ರಲ್ಲಿ ಶಿಕಾಗೊ ತಂಡಕ್ಕೆ ಬಂದ, ಮರುವರ್ಷ ವರ್ಷದ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಟ್ರೋಫಿ ಗೆದ್ದ. ಕಿರಿಲ್ ಕಪ್ರಿಜೊವ್‌ನನ್ನು 2015ರ ಡ್ರಾಫ್ಟ್‌ನಲ್ಲಿ ಮಿನೆಸೋಟ ತಂಡ ತೆಗೆದುಕೊಂಡದ್ದು 135ನೆಯವನಾಗಿ. 2021ರ ಕಾಲ್ಡರ್ ಅವನದ್ದು. ಮಾರ್ಟಿನ್ ಸೇಂಟ್ ಲೂಯಿ ಕೆನಡಾದವನು, ಐದಡಿ ಎಂಟಿಂಚು, ಅವನನ್ನೂ ಯಾರೂ ಡ್ರಾಫ್ಟ್ ಮಾಡಲಿಲ್ಲ. ನಿಯಮ ಬಿಗಿಯಾಗುವ ಮೊದಲೇ, 2004ರಲ್ಲಿ, ಲೀಗ್‌ನ ಅತ್ಯುತ್ತಮ ಆಟಗಾರನಾದ.

ಇವರೆಲ್ಲ ನನಗೂ ಇಷ್ಟ. ಆದರೆ ವರದಿ ಬರೆಯುವಾಗ ಈ ಹೆಸರುಗಳನ್ನು ದೂರ ಇಡಬೇಕು. ಗೆದ್ದವರ ಹೆಸರು ಮಾತ್ರ ನಮಗೆ ನೆನಪಿರುತ್ತದೆ. ಅದೇ ಎತ್ತರ, ಅದೇ ಕೈಚಳಕ ಇಟ್ಟುಕೊಂಡು ಬಂದು ವಾಪಸ್ ಹೋದವರ ಪಟ್ಟಿ ಯಾರ ಹತ್ತಿರವೂ ಇಲ್ಲ. ಪನಾರಿನ್ ಗೆದ್ದ ಅನ್ನುವುದರಿಂದ ಈ ಹುಡುಗನ ಬಗ್ಗೆ ಏನೂ ಗೊತ್ತಾಗುವುದಿಲ್ಲ, ಅಲ್ವಾ?

ಅವನು ಆಡಿದ್ದು ರಷ್ಯಾದ ಜೂನಿಯರ್ ಲೀಗ್ ಎಂಎಚ್‌ಎಲ್‌ನಲ್ಲಿ. ಅಲ್ಲಿನ ವಿಡಿಯೊ ನೋಡುವಾಗ ರಿಂಕ್‌ನ ಅಗಲ ತಲೆಯಲ್ಲಿರಬೇಕು. ಎನ್‌ಎಚ್‌ಎಲ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಯುರೋಪಿನ ಹಳೆ ಅಳತೆಯ ರಿಂಕ್ 60 ಮೀಟರ್ ಉದ್ದ, 30 ಮೀಟರ್ ಅಗಲ. ಉದ್ದ ಹೆಚ್ಚುಕಡಿಮೆ ಒಂದೇ. ಅಗಲದಲ್ಲಿ ಸುಮಾರು 13 ಅಡಿ ವ್ಯತ್ಯಾಸ. ರಷ್ಯಾದಲ್ಲೂ ಈಗ ಕಿರಿದಾದ ರಿಂಕ್‌ಗಳಿವೆ, ಹಾಗಾಗಿ ಯಾವ ಪಂದ್ಯ ಯಾವ ಅಳತೆಯಲ್ಲಿ ನಡೆಯಿತು ಅಂತ ಒಂದೊಂದನ್ನೂ ನೋಡಿ ಗುರುತು ಹಾಕಿಕೊಂಡೆ. ಅಗಲದ ರಿಂಕ್‌ನಲ್ಲಿ ಗೋಡೆ ಬದಿಯಲ್ಲಿ ಪಕ್ ಹಿಡಿದವನಿಗೆ ತಲೆ ಎತ್ತಿ ನೋಡಲು ಒಂದು ಕ್ಷಣ ಜಾಸ್ತಿ ಸಿಗುತ್ತದೆ. ಇಲ್ಲಿ ಆ ಕ್ಷಣ ಇಲ್ಲ. ಡಿಫೆನ್ಸ್ ಆಟಗಾರ ಒಂದು ಹೆಜ್ಜೆ ಮೊದಲೇ ಬಂದಿರುತ್ತಾನೆ.

ಹಾಗಾಗಿ ಅಂದವಾದ ಗೋಲುಗಳ ಕ್ಲಿಪ್‌ಗಳನ್ನು ಪಕ್ಕಕ್ಕಿಟ್ಟು, ಗೋಡೆ ಬದಿಯಲ್ಲಿ ಅವನಿಗೆ ಪಕ್ ಸಿಕ್ಕ ತುಣುಕುಗಳನ್ನೆಲ್ಲ ಒಂದೇ ಫೈಲ್‌ನಲ್ಲಿ ಸೇರಿಸಿದೆ. ನೋಡಲು ಬೇಜಾರಿನ ಫೈಲ್ ಅದು. ಗೋಲಿಲ್ಲ, ಚಪ್ಪಾಳೆ ಇಲ್ಲ. ಹುಡುಗನ ಭವಿಷ್ಯ ಮಾತ್ರ ಅದರಲ್ಲೇ ಇತ್ತು. ಪಕ್ ಬರುವ ಮೊದಲು ಅವನು ಹಿಂದೆ ತಿರುಗಿ ನೋಡುತ್ತಾನಾ? ಯಾರು ಬರುತ್ತಿದ್ದಾರೆ, ತನ್ನವರು ಎಲ್ಲಿದ್ದಾರೆ ಅಂತ ಗೊತ್ತಿದೆಯಾ? ಗುದ್ದು ತಿಂದ ಮೇಲೆ ಮುಂದಿನ ಸಲ ಅದೇ ಜಾಗಕ್ಕೆ ಹೋಗುತ್ತಾನಾ? ಪಕ್ ಕಳೆದುಕೊಂಡರೆ ಕಾಲು ಯಾವ ಕಡೆ ತಿರುಗುತ್ತದೆ? ಕ್ಯಾಂಪ್‌ಗೆ ಮೊದಲೇ ಈ ಪ್ರಶ್ನೆಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಆಟ ಶುರುವಾದ ಮೇಲೆ ಕಣ್ಣು ಪಕ್ ಹಿಂದೆಯೇ ಓಡುತ್ತದೆ. ಏನು ನೋಡಬೇಕು ಅಂತ ಮೊದಲೇ ಗೊತ್ತಿಲ್ಲದಿದ್ದರೆ ಚಂದ ಕಂಡದ್ದನ್ನೇ ಬರೆದುಬಿಡುತ್ತೇವೆ.

ಮೊದಲ ದಿನವೇ ಅಂಥದ್ದೊಂದು ಆಯಿತು. ಅಭ್ಯಾಸ ಪಂದ್ಯದಲ್ಲಿ ಗೋಲಿನ ಮುಂದೆ ಸ್ಟಿಕ್‌ನ ತುದಿಯಿಂದ ಪಕ್ಕನ್ನು ಒಳಕ್ಕೆಳೆದು, ಒಬ್ಬನನ್ನು ಪೂರ್ತಿ ಬೇರೆ ಕಡೆ ಕಳಿಸಿ, ಮೇಲಿನ ಮೂಲೆಗೆ ಹೊಡೆದ. ಸ್ಟ್ಯಾಂಡ್‌ನಲ್ಲಿ ಕೂತಿದ್ದವರೆಲ್ಲ ಕೂಗಿದರು. ನನ್ನ ಪಕ್ಕದಲ್ಲಿದ್ದ ಸ್ಕೌಟ್ ಕೂಡಲೇ ಪೆನ್ ತೆಗೆದರು. ನಾನು ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಅವನ ಕೈ ಚೆನ್ನಾಗಿದೆ ಅನ್ನುವುದು ವಿಡಿಯೊದಲ್ಲೇ ಗೊತ್ತಾಗಿತ್ತು. ಜುಲೈ ತಿಂಗಳ ಕ್ಯಾಂಪ್‌ನಲ್ಲಿ, ಒಬ್ಬರನ್ನೊಬ್ಬರು ಅರಿಯದ ಹುಡುಗರು ಆಡುವ ಪಂದ್ಯದಲ್ಲಿ, ಆ ತರಹದ ಜಾಗ ಸಿಗುತ್ತದೆ. ಜನವರಿಯ ಪಂದ್ಯದಲ್ಲಿ ಸಿಗುವುದಿಲ್ಲ.

ನನ್ನನ್ನು ಕೂರಿಸಿ ನೋಡುವಂತೆ ಮಾಡಿದ್ದು ಮರುದಿನದ ಒಂದು ಶಿಫ್ಟ್. ಒಂದು ಶಿಫ್ಟ್ ಅಂದರೆ ಮುಕ್ಕಾಲು ನಿಮಿಷದಷ್ಟು ಆಟ. ಎದುರಾಳಿ ಮೂಲೆಯಿಂದ ಪಕ್ ಗೋಡೆ ಸುತ್ತಿ ಜೋರಾಗಿ ಬರುತ್ತಿತ್ತು. ಅದನ್ನು ಹಿಡಿಯಲು ಇವನು ಹೋದ. ಬೆನ್ನ ಹಿಂದೆ ಆರಡಿ ನಾಲ್ಕಿಂಚಿನ ಡಿಫೆನ್ಸ್ ಹುಡುಗ. ಪಕ್ ತಲುಪುವ ಮೊದಲು ಇವನು ಎರಡು ಸಲ ಹಿಂದೆ ನೋಡಿದ. ಒಮ್ಮೆ ಎಡ ಭುಜದ ಮೇಲಿಂದ, ಒಮ್ಮೆ ಬಲ ಭುಜದ ಮೇಲಿಂದ, ರಸ್ತೆ ದಾಟುವವರು ಎರಡೂ ಕಡೆ ನೋಡುವ ಹಾಗೆ. ಆಮೇಲೆ ಅರ್ಧ ಹೆಜ್ಜೆ ನಿಧಾನ ಮಾಡಿದ. ಇಷ್ಟು ಹೊತ್ತಿಗೆ ದೊಡ್ಡವನು ಗುದ್ದಲು ಪೂರ್ತಿ ವೇಗದಲ್ಲಿ ಬಂದಾಗಿತ್ತು, ಇನ್ನು ನಿಲ್ಲಿಸಲು ಅವನಿಗೇ ಆಗುತ್ತಿರಲಿಲ್ಲ. ಭುಜ ತಾಗಿದ ಕ್ಷಣ ಇವನು ಸ್ಕೇಟ್ ಬ್ಲೇಡಿನ ಒಳಗಿನ ಅಂಚಿನ ಮೇಲೆ ತಿರುಗಿಬಿಟ್ಟ. ಗುದ್ದಿನ ಬಲವೇ ಇವನನ್ನು ಹೊರಕ್ಕೆ ತಳ್ಳಿತು. ದೊಡ್ಡವನು ಗೋಡೆಗೆ, ಇವನು ಬಯಲಿಗೆ. ಪಕ್ ಇವನ ಸ್ಟಿಕ್‌ನಲ್ಲೇ ಇತ್ತು. ಒಂದು ಸಾದಾ ಪಾಸ್ ಮಧ್ಯಕ್ಕೆ ಕೊಟ್ಟು ಬೆಂಚಿಗೆ ಹೋದ.

ಯಾರೂ ಕೂಗಲಿಲ್ಲ. ನಾನು ರಾತ್ರಿ ಆ ತುಣುಕನ್ನು ನಿಧಾನಕ್ಕೆ ಓಡಿಸಿ ಮತ್ತೆ ಮತ್ತೆ ನೋಡಿದೆ. ಸಣ್ಣ ಆಟಗಾರನಿಗೆ ಬೇಕಾದದ್ದು ಇದೇ. ಗುದ್ದು ತಡೆಯುವಷ್ಟು ಮೈ ಅವನಿಗೆ ಯಾವತ್ತೂ ಬರುವುದಿಲ್ಲ. ನಾಲ್ಕೈದು ಕೆಜಿ ಜಾಸ್ತಿ ಆಗಬಹುದು, ಅಷ್ಟೇ. ಗುದ್ದು ಎಲ್ಲಿಂದ, ಯಾವಾಗ ಬರುತ್ತದೆ ಅಂತ ಮೊದಲೇ ತಿಳಿದುಕೊಳ್ಳುವ ಬುದ್ಧಿ ಇದ್ದರೆ ಅವನು ಉಳಿಯುತ್ತಾನೆ. ಆ ಬುದ್ಧಿ ಕಾಣುವುದು ಪಕ್ ಅವನ ಹತ್ತಿರ ಬರುವ ಮುಂಚಿನ ಒಂದು ಸೆಕೆಂಡಿನಲ್ಲಿ. ಆ ಹೊತ್ತಿಗೆ ಕ್ಯಾಮೆರಾವೂ ನಮ್ಮ ಕಣ್ಣೂ ಬೇರೆಲ್ಲೋ ಇರುತ್ತವೆ.

ಒಂದು ಸಲ ಮಾಡಿದ್ದನ್ನು ಗುಣ ಅನ್ನುವುದಕ್ಕೆ ಆಗುವುದಿಲ್ಲ. ಹಾಗಾಗಿ ರಷ್ಯಾದ ಪಂದ್ಯಗಳ ಆ ಬೇಜಾರಿನ ಫೈಲ್‌ಗೆ ಮತ್ತೆ ಹೋದೆ. ಅಲ್ಲೂ ಹಿಂದೆ ನೋಡುವ ಅಭ್ಯಾಸ ಇತ್ತು. ತಲೆ ತಿರುಗಿಸಿ ನೋಡಿದ ಕಡೆಯೆಲ್ಲ ಪಕ್ ಹೆಚ್ಚಾಗಿ ಉಳಿದಿತ್ತು. ನೋಡದೆ ಹೋದ ಕಡೆ ಹೆಚ್ಚಾಗಿ ಕಳೆದುಕೊಂಡಿದ್ದ. ಪಂದ್ಯದ ಕೊನೆಯಲ್ಲಿ ಸುಸ್ತಾದಾಗ ನೋಡುವುದು ಕಡಿಮೆಯಾಗುತ್ತಿತ್ತು. ಇದನ್ನು ವರದಿಯಲ್ಲಿ ಹಾಗೇ ಬರೆದೆ. ಅವನ ಫಿಟ್‌ನೆಸ್ ಬಗ್ಗೆ ತರಬೇತುದಾರರು ಏನು ಮಾಡಬೇಕು ಅನ್ನುವುದಕ್ಕೆ ಅದೇ ಕಾರಣವಾಯಿತು. ಬರೀ ತೂಕ ಹೆಚ್ಚಿಸಿ ಅನ್ನುವುದಕ್ಕಿಂತ, ಪಂದ್ಯದ ಕೊನೆಯ ಭಾಗವಾದ ಮೂರನೇ ಪೀರಿಯಡ್‌ನಲ್ಲೂ ತಲೆ ಎತ್ತಿ ಆಡುವಷ್ಟು ದಮ್ಮು ಬೇಕು ಅನ್ನುವುದು ಹೆಚ್ಚು ಉಪಯೋಗದ ಮಾತು.

ಗುದ್ದೂ ಬಿತ್ತು. ಮಧ್ಯದ ಗೆರೆ ಹತ್ತಿರ ಪಾಸ್ ಕಡೆ ನೋಡುತ್ತಿದ್ದಾಗ ಎದೆಗೆ ನೇರವಾಗಿ. ಬಿದ್ದ, ಎದ್ದ, ಬೆಂಚಿಗೆ ಬಂದು ನೀರು ಕುಡಿದ. ಮುಂದಿನ ಶಿಫ್ಟ್‌ನಲ್ಲಿ ಅವನು ಏನು ಮಾಡುತ್ತಾನೆ ಅಂತ ನಾವು ಮೂರು ಜನ ಮಾತಿಲ್ಲದೆ ನೋಡುತ್ತಿದ್ದೆವು. ಅದೇ ದಾರಿಯಲ್ಲಿ ಮತ್ತೆ ಹೋದ. ಧೈರ್ಯ ಅಂತ ನಮ್ಮವರೊಬ್ಬರು ಬರೆದುಕೊಂಡರು. ನನಗೆ ಖುಷಿಯಾದದ್ದು ಇನ್ನೊಂದಕ್ಕೆ. ಈ ಸಲ ಪಾಸ್ ಬರುವ ಮೊದಲು ಹಿಂದೆ ನೋಡಿದ್ದ.

ಕೊರತೆಗಳೂ ಇದ್ದವು, ಅವು ಸಣ್ಣವಲ್ಲ. ಪಕ್ ಕಳೆದುಕೊಂಡ ಮೇಲೆ ಅವನು ನಿಲ್ಲುವುದಿಲ್ಲ. ದೊಡ್ಡ ಸುತ್ತು ಹಾಕಿ ತಿರುಗುತ್ತಾನೆ. ಅಗಲದ ರಿಂಕ್‌ನಲ್ಲಿ ಆ ಸುತ್ತು ನಡೆದುಹೋಗುತ್ತದೆ, ವೇಗವೂ ಉಳಿಯುತ್ತದೆ. ಇಲ್ಲಿ ಸುತ್ತು ಹಾಕಿ ಬರುವಷ್ಟರಲ್ಲಿ ಎದುರಾಳಿ ನಮ್ಮ ಗೋಲಿನ ಹತ್ತಿರ ಇರುತ್ತಾನೆ. ಗಕ್ಕನೆ ಬ್ರೇಕ್ ಹಾಕಿ, ಅಲ್ಲಿಂದಲೇ ನೇರವಾಗಿ ವಾಪಸ್ ಬರಬೇಕು. ಕಲಿಸಿದರೆ ಬರುವ ವಿದ್ಯೆ ಇದು. ಆದರೆ ಈಗ ಇಲ್ಲ ಅನ್ನುವುದನ್ನು ಮುಚ್ಚಿಡುವ ಹಾಗಿಲ್ಲ.

ಭಾಷೆಯ ವಿಷಯ ಒಂದು ಹೇಳಲೇಬೇಕು. ಡ್ರಿಲ್ ಶುರುವಾದಾಗಲೆಲ್ಲ ಅವನು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದ. ತರಬೇತುದಾರರಲ್ಲಿ ಒಬ್ಬರಿಗೆ ಇದು ಹಿಡಿಸಲಿಲ್ಲ. ಹುಡುಗನಿಗೆ ಆಸಕ್ತಿ ಕಮ್ಮಿ ಅಂದರು. ಬೋರ್ಡ್ ಮೇಲೆ ಗೀಚಿ, ಇಂಗ್ಲಿಷಿನಲ್ಲಿ ಬಡಬಡ ಅಂತ ಹೇಳಿದ್ದು ಅವನಿಗೆ ಅರ್ಥವಾಗಿರುತ್ತಿರಲಿಲ್ಲ. ಮುಂದಿನವರು ಮಾಡುವುದನ್ನು ನೋಡಿ, ತನ್ನ ಸರದಿ ಬರುವಷ್ಟರಲ್ಲಿ ಕಲಿತುಕೊಂಡು, ತಪ್ಪಿಲ್ಲದೆ ಮಾಡುತ್ತಿದ್ದ. ದುಭಾಷಿಯನ್ನು ಮಂಜುಗಡ್ಡೆಯ ಪಕ್ಕದಲ್ಲೇ ನಿಲ್ಲಿಸಿ ಅಂತ ಕೇಳಿಕೊಂಡೆ. ಮರುದಿನ ಅವನು ಸಾಲಿನಲ್ಲಿ ಎರಡನೆಯವನು. ಊರು ಬಿಟ್ಟು ಬಂದವನು ಹಿಂದೆ ನಿಂತರೆ ಅದಕ್ಕೆ ಕಾರಣ ಹುಡುಕಬೇಕು. ಬೇರೆ ದೇಶದಲ್ಲಿ ಕೆಲಸಕ್ಕೆ ಸೇರಿದ ನಮ್ಮವರಿಗೆಲ್ಲ ಇದು ಗೊತ್ತು.

ಕೊನೆಯ ಮೀಟಿಂಗ್‌ನಲ್ಲಿ ಜಾಸ್ತಿ ಹೊತ್ತು ಹೋದದ್ದು ಒಂದೇ ಪ್ರಶ್ನೆಗೆ: ಇವನನ್ನು ಯಾವ ಕೆಲಸಕ್ಕೆ ಆಡಿಸುವುದು? ಪಂದ್ಯಕ್ಕೆ ಹನ್ನೆರಡು ಫಾರ್ವರ್ಡ್‌ಗಳು ಇಳಿಯುತ್ತಾರೆ, ಮೂರು ಮೂರು ಜನರ ನಾಲ್ಕು ಲೈನ್. ಮೊದಲ ಎರಡು ಲೈನ್‌ಗೆ ಗೋಲು ಹೊಡೆಯುವ ಕೆಲಸ. ಕೆಳಗಿನ ಎರಡಕ್ಕೆ ಎದುರಾಳಿಯನ್ನು ಕಟ್ಟಿಹಾಕುವ, ಪೆನಾಲ್ಟಿಯಿಂದ ಒಬ್ಬ ಹೊರಗೆ ಕೂತು ತಂಡದಲ್ಲಿ ಒಬ್ಬ ಕಮ್ಮಿಯಿದ್ದಾಗ ತಡೆದು ನಿಲ್ಲುವ ಕೆಲಸ. ದೊಡ್ಡ ಮೈಯವನು ಮೇಲಿನ ಲೈನ್‌ಗೆ ಸಾಲದಿದ್ದರೂ ಕೆಳಗೆ ಎಲ್ಲಾದರೂ ಹೊಂದಿಕೊಳ್ಳುತ್ತಾನೆ. ಸಣ್ಣ ಕೈಚಳಕದ ಆಟಗಾರನಿಗೆ ಆ ಎರಡನೇ ಬಾಗಿಲು ಇರುವುದಿಲ್ಲ. ಒಂದೋ ಮೇಲಿನ ಎರಡು ಲೈನ್, ಇಲ್ಲವೋ ಮನೆ. ಗಿಡ್ಡ ಆಟಗಾರರು ಹೆಚ್ಚಾಗಿ ಬೀಳುವುದು ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಅವರ ಎತ್ತರಕ್ಕಿಂತ, ಅವರಿಗೆ ಬೇರೆ ಕೆಲಸ ಯಾರೂ ಕಲಿಸಿರುವುದಿಲ್ಲ ಅನ್ನುವುದೇ ದೊಡ್ಡ ತೊಂದರೆ. ಈ ಹುಡುಗನ ಸ್ಟಿಕ್ ಚುರುಕು. ಪಾಸ್ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಊಹಿಸುತ್ತಾನೆ. ಒಬ್ಬ ಕಮ್ಮಿಯಿದ್ದಾಗ ಅವನನ್ನು ಆಡಿಸಿ ನೋಡಬಹುದು ಅಂತ ವಾದ ಮಾಡಿದೆ. ರಷ್ಯಾದಲ್ಲಿ ಅವನನ್ನು ಆ ಕೆಲಸಕ್ಕೆ ಬಿಟ್ಟೇ ಇರಲಿಲ್ಲ. ಕ್ಯಾಂಪ್‌ನ ಕೊನೆಯ ಪಂದ್ಯದಲ್ಲಿ ಒಂದೆರಡು ಸಲ ಬಿಟ್ಟರು. ಎರಡು ಪಾಸ್ ತಡೆದ.

ಒಂದು ಎನ್‌ಎಚ್‌ಎಲ್ ತಂಡ ಒಟ್ಟು 50 ಕಾಂಟ್ರ್ಯಾಕ್ಟ್ ಮಾತ್ರ ಇಟ್ಟುಕೊಳ್ಳಬಹುದು. ಹಾಗಾಗಿ ಇಷ್ಟವಾದವರನ್ನೆಲ್ಲ ಹಿಡಿದುಕೊಳ್ಳಲು ಆಗುವುದಿಲ್ಲ. ನಾನು ಬರೆದ ಶಿಫಾರಸು ಇಷ್ಟು: ಸೆಪ್ಟೆಂಬರ್ ಕ್ಯಾಂಪ್‌ಗೆ ಮತ್ತೆ ಕರೆಯಿರಿ, ಅಲ್ಲಿ ಚೆನ್ನಾಗಿ ಆಡಿದರೆ ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎಎಚ್‌ಎಲ್ ಲೀಗ್‌ನ ತಂಡದಲ್ಲಿ ಟ್ರೈಔಟ್ ಕೊಡಿ, ದುಭಾಷಿ ಜೊತೆಗಿರಲಿ, ಬೇಸಿಗೆ ಪೂರ್ತಿ ನಿಲ್ಲುವ-ಹೊರಡುವ ಅಭ್ಯಾಸದ ವಿಡಿಯೊ ಕಳಿಸೋಣ. ಕಣ್ಣಾರೆ ನೋಡಿದ್ದನ್ನು ಒಂದು ಪುಟದಲ್ಲಿ, ಊಹೆಯನ್ನು ಇನ್ನೊಂದು ಪುಟದಲ್ಲಿ ಬರೆದೆ. ಮ್ಯಾನೇಜರ್ ಮೊದಲ ಪುಟ ಓದಿ ಒಪ್ಪಿದರು. ಎರಡನೆಯದರ ಮೇಲೆ ಪ್ರಶ್ನೆ ಕೇಳಿದರು. ಹಾಗೇ ಆಗಬೇಕು.

ಹುಡುಗ ಸೆಪ್ಟೆಂಬರ್‌ಗೆ ಬರುತ್ತಾನೆ. ವಿಡಿಯೊಗಳು ಹೋಗುತ್ತಿವೆ. ಅವನೂ ತನ್ನ ಅಭ್ಯಾಸವನ್ನು ಫೋನ್‌ನಲ್ಲಿ ತೆಗೆದು ಕಳಿಸುತ್ತಿದ್ದಾನೆ. ಬಲಗಡೆಗೆ ಬ್ರೇಕ್ ಈಗ ಚೆನ್ನಾಗಿ ಬರುತ್ತಿದೆ. ಎಡಗಡೆಗೆ ಇನ್ನೂ ಸುತ್ತು ಹಾಕುತ್ತಾನೆ.